ಪೆಟ್ಟಿಗೆಯೊಳಗಿನ ಪೆಟ್ಟಿಗೆಯೊಳಗಿನ ಬಟ್ಟಲು

ಜಪಾನಿನ ಕ್ಯೋತೊ ನಗರದಲ್ಲಿ ದೈತೊಕುಜಿ ಎಂಬ ದೊಡ್ಡ ಝೆನ್ ಮಠವಿದೆ. ಅದರ ಉಪಮಠಗಳಲ್ಲೊಂದಾದ ಕೊಹೊ-ಆನ್‌ನಲ್ಲಿ ಮಣ್ಣಿನ ಬಟ್ಟಲೊಂದನ್ನು ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದಾರೆ. ಅದರ ಹೆಸರು ಕಿಝಾಎಮೊನ್. ಜಪಾನ್ ಸರ್ಕಾರ ಅದಕ್ಕೆ ರಾಷ್ಟ್ರೀಯ ನಿಧಿಯ ಪಟ್ಟ ಕೊಟ್ಟಿದೆ. ಆದರೆ ನೋಡಿದ ಕೂಡಲೇ ಕಣ್ಣಿಗೆ ಬೀಳುವುದು ಅದರ ಕುಂದುಗಳೇ. ಬಾಯಿ ಪೂರ್ತಿ ದುಂಡಗಿಲ್ಲ. ತಿಗರಿ ತಿರುಗುವಾಗ ಮೂಡಿದ ಬೆರಳ ಗೆರೆಗಳನ್ನು ಯಾರೂ ಉಜ್ಜಿ ನುಣುಪು ಮಾಡಿಲ್ಲ. ಮೈತುಂಬ ಮಾಸಲು ಹಳದಿ ಲೇಪ, ಅದರಲ್ಲಿ ಕೂದಲೆಳೆಯಂಥ ಬಿರುಕುಗಳು. ತಳದ ಬಳೆಯ ಸುತ್ತ ಆ ಲೇಪ ಹರಳುಗಟ್ಟಿ ಗಂಟುಗಂಟಾಗಿ ನಿಂತಿದೆ. 16ನೇ ಶತಮಾನದಲ್ಲಿ ಕೊರಿಯಾದ ಯಾರೋ ಕುಂಬಾರ ಮಾಡಿದ್ದು. ಅವನ ಹೆಸರು ಯಾರಿಗೂ ಗೊತ್ತಿಲ್ಲ. ಬಟ್ಟಲಿಗಿರುವುದು ಒಂದು ಕಾಲಕ್ಕೆ ಅದರ ಒಡೆಯನಾಗಿದ್ದ ಒಸಾಕಾದ ವ್ಯಾಪಾರಿಯ ಹೆಸರು.

ಆ ವ್ಯಾಪಾರಿ ದಿವಾಳಿಯಾಗಿ ಬೀದಿಗೆ ಬಿದ್ದಾಗಲೂ ಬಟ್ಟಲನ್ನು ಬಿಡದೆ ಹುಣ್ಣೆದ್ದು ಸತ್ತನೆಂದು ಕಥೆಯಿದೆ. ಮುಂದೆ 18ನೇ ಶತಮಾನದಲ್ಲಿ ಮತ್ಸುಎ ಸೀಮೆಯ ದೊರೆ ಮತ್ಸುದೈರಾ ಫುಮೈ 550 ರ್‍ಯೋ ಚಿನ್ನದ ನಾಣ್ಯ ತೆತ್ತು ಅದನ್ನು ಕೊಂಡ. ಅವನಿಗೂ ಹುಣ್ಣಾಯಿತಂತೆ. ಬಟ್ಟಲಿಗೆ ಶಾಪ ತಗುಲಿದೆ ಎಂದು ಹೆದರಿದ ಮನೆಯವರು ಅವನ ಕಾಲಾನಂತರ ಅದನ್ನು ಮಠಕ್ಕೆ ಒಪ್ಪಿಸಿಬಿಟ್ಟರು. 1931ರಲ್ಲಿ ಜಪಾನಿನ ಜಾನಪದ ಕರಕುಶಲ ಚಳವಳಿಯ ಹಿರಿಯ ಯಾನಗಿ ಸೊಎತ್ಸು ಬಟ್ಟಲು ನೋಡಲು ಹೋದಾಗ, ಪೆಟ್ಟಿಗೆಯೊಳಗೆ ಪೆಟ್ಟಿಗೆ ಬಿಚ್ಚಿ ಕೊನೆಗೆ ಅದನ್ನು ಹೊರತೆಗೆದರು. ಇದು ಬಡವರು ದಿನಾ ಊಟಕ್ಕೆ ಬಳಸುತ್ತಿದ್ದ ಸಾಮಾನ್ಯ ಬಟ್ಟಲು, ಅದಕ್ಕೇ ಇದಕ್ಕೆ ಈ ಚೆಲುವು ಎಂಬುದು ಯಾನಗಿಯ ತೀರ್ಮಾನ. ಅಲ್ಲ, ಇದು ಪೂಜೆ-ಪುನಸ್ಕಾರದ ಪಾತ್ರೆಯಾಗಿತ್ತು ಎನ್ನುವ ವಿದ್ವಾಂಸರೂ ಇದ್ದಾರೆ.

ಜಪಾನಿನ ಚಹಾ ಕೂಟದ ಹಳೆಯ ಪರಿಕರಗಳನ್ನು ಸಂಗ್ರಹಿಸುವವರ ಹುಚ್ಚು ಎಂಥದ್ದೆಂದು ತಿಳಿಯಲು ಈ ಒಂದು ಬಟ್ಟಲಿನ ಕಥೆ ಸಾಕು. ಕೊಳ್ಳುವವನು ಇಲ್ಲಿ ಮಣ್ಣಿಗಷ್ಟೇ ದುಡ್ಡು ಕೊಡುವುದಿಲ್ಲ. ಅದು ಯಾರ ಕೈಯಿಂದ ಯಾರ ಕೈಗೆ ಬಂತು, ಯಾರು ಹೆಸರಿಟ್ಟರು, ಎಲ್ಲಿ ಒಡೆಯಿತು, ಯಾರು ಬೆಸೆದರು ಎಂಬ ವಂಶಾವಳಿಗೂ ಸೇರಿಸಿ ಕೊಡುತ್ತಾನೆ.

ಕೂಟದಲ್ಲಿ ನಡೆಯುವುದು ಹೇಳಲು ಸರಳ. ನೆರಳಲ್ಲಿ ಬೆಳೆದ ಚಹಾ ಎಲೆಯ ನಯವಾದ ಹಸಿರು ಪುಡಿಯನ್ನು, ಅಂದರೆ ಮಾಚ್ಚವನ್ನು, ಬಟ್ಟಲಿಗೆ ಹಾಕಿ, ಬಿಸಿನೀರು ಸುರಿದು, ಬಿದಿರಿನ ಕಡೆಗೋಲಿನಿಂದ ನೊರೆ ಬರುವಂತೆ ಕಡೆದು ಅತಿಥಿಗೆ ಕೊಡುವುದು. ಇಷ್ಟಕ್ಕೆ ಬೇಕಾಗುವ ಸರಂಜಾಮು ಮಾತ್ರ ಒಂದೆರಡಲ್ಲ: ನೀರು ಕಾಯಿಸುವ ಎರಕದ ಕಬ್ಬಿಣದ ಪಾತ್ರೆ, ತಣ್ಣೀರಿನ ಜಾಡಿ, ಪುಡಿಯ ಭರಣಿ, ಬಿದಿರಿನ ಚಮಚ, ಹೂದಾನಿ, ಗೋಡೆಗೆ ತೂಗುವ ಬರಹದ ಸುರುಳಿ. ಕುಡಿದು ಮುಗಿಸಿದ ಅತಿಥಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಮೊಣಕೈ ನೆಲದ ಹತ್ತಿರವೇ ಇಟ್ಟು ಬಗ್ಗಿ, ತಿರುಗಿಸಿ, ತಳ ನೋಡಿ, ಇದು ಯಾವ ಆವಿಗೆಯದು, ಹೆಸರೇನು ಎಂದು ವಿಚಾರಿಸಬೇಕು. ವಿಚಾರಿಸದೆ ಎದ್ದರೆ ಅದು ಮರ್ಯಾದೆಯಲ್ಲ. ಸಂಗ್ರಹದ ಗೀಳಿಗೆ ಬೇರು ಈ ಸಂಪ್ರದಾಯದಲ್ಲೇ ಇದೆ.

ಮೊದಮೊದಲು ಜಪಾನಿನ ಸಿರಿವಂತರಿಗೆ ಬೇಕಾಗಿದ್ದದ್ದು ಚೀನಾದ ಮಾಲು. 16ನೇ ಶತಮಾನದಲ್ಲಿ ಆ ರುಚಿಯನ್ನು ತಿರುಗಿಸಿದವನು ಸಕಾಯ್ ಬಂದರಿನ ವರ್ತಕರ ಮನೆಯ ಸೆನ್ ನೊ ರಿಕ್ಯು (1522–1591). ಮೀನುಗಾರನ ಬುಟ್ಟಿಯನ್ನು ಹೂದಾನಿ ಮಾಡಿದ. ಚೋಜಿರೊ ಎಂಬ ಹೆಂಚಿನ ಕುಶಲಕರ್ಮಿಯ ಕೈಲಿ, ತಿಗರಿಯ ಹಂಗಿಲ್ಲದೆ ಬರಿಗೈಯಲ್ಲೇ ತಟ್ಟಿ ಮಾಡುವ ಕಪ್ಪು, ಕೆಂಪು ಬಟ್ಟಲುಗಳನ್ನು ಮಾಡಿಸಿದ. ಅದೇ ಇವತ್ತಿನ ರಾಕು. ಕಪ್ಪು ರಾಕು ಬಟ್ಟಲನ್ನು ನಿಗಿನಿಗಿ ಕೆಂಡದಂತಿರುವಾಗಲೇ ಇಕ್ಕುಳದಲ್ಲಿ ಹಿಡಿದು ಆವಿಗೆಯಿಂದ ಹೊರಗೆಳೆಯುತ್ತಾರೆ. ಇಕ್ಕುಳ ಕಚ್ಚಿದ ಗುರುತು ಮೈಮೇಲೆ ಉಳಿಯುವುದುಂಟು. ಬಲ್ಲವರು ಮೊದಲು ಬೆರಳಾಡಿಸುವುದು ಅಲ್ಲೇ. ಚೋಜಿರೊ ಮನೆತನದ ಹದಿನಾರನೆಯ ತಲೆಮಾರು ಕ್ಯೋತೊದಲ್ಲಿ ಈಗಲೂ ಬಟ್ಟಲು ಮಾಡುತ್ತಿದೆ.

ಆ ಕಾಲದಲ್ಲಿ ಚಹಾ ಪಾತ್ರೆಯೆಂದರೆ ರಾಜಕೀಯದ ನಾಣ್ಯ. ಯುದ್ಧ ಗೆದ್ದ ಸೇನಾಪತಿಗೆ ಜಹಗೀರಿನ ಬದಲು ಭರಣಿ ಕೊಟ್ಟು ಸಂತೋಷಪಡಿಸಬಹುದಿತ್ತು. ಅಂಗೈಯಲ್ಲಿ ಹಿಡಿಸುವ ಮಣ್ಣಿನ ಭರಣಿಗೆ ಸಾವಿರಾರು ಡ್ಯೂಕಟ್ ಕೊಡುವುದನ್ನು ಕಂಡು, ಜಪಾನಿಗೆ ಬಂದಿದ್ದ ಜೆಸುಯಿಟ್ ಪಾದ್ರಿ ವಲಿನ್ಯಾನೊ ಬೆರಗಾಗಿ ಬರೆದಿಟ್ಟಿದ್ದಾನೆ. ಬದನೆಕಾಯಿ ಆಕಾರದ 'ತ್ಸುಕುಮೊ' ಎಂಬ ಭರಣಿಯನ್ನು ಮತ್ಸುನಾಗ ಹಿಸಾಹಿದೆ ಎಂಬ ಸರದಾರ 1568ರಲ್ಲಿ ಸೇನಾನಾಯಕ ಒದಾ ನೊಬುನಾಗನಿಗೆ ಒಪ್ಪಿಸಿ ತಲೆ ಉಳಿಸಿಕೊಂಡ. ಅದೇ ಭರಣಿ 1615ರಲ್ಲಿ ಒಸಾಕಾ ಕೋಟೆ ಸುಟ್ಟು ಬಿದ್ದಾಗ ಚೂರಾಯಿತು. ಬೂದಿಯಲ್ಲಿ ಚೂರುಗಳನ್ನು ಹೆಕ್ಕಿ ತೆಗೆಸಿ, ಉರುಷಿ ಮರದ ಹಾಲಿನಿಂದ ಅಂಟಿಸಲಾಯಿತು. ಈಗ ತೋಕಿಯೊದ ಸೇಕಾದೊ ಸಂಗ್ರಹದಲ್ಲಿರುವ ಅದನ್ನು ಕಣ್ಣಿಂದ ನೋಡಿದರೆ ಒಡೆದದ್ದೇ ಗೊತ್ತಾಗುವುದಿಲ್ಲ. ಎಕ್ಸ್‌-ರೇ ತೆಗೆದಾಗಲೇ ಗುಟ್ಟು ಹೊರಬಿದ್ದದ್ದು: ಮೇಲೆ ಹೊಳೆಯುವುದು ಮಣ್ಣಿನ ಲೇಪವಲ್ಲ, ಉರುಷಿಯ ಮೆರುಗು.

ರಿಕ್ಯುವಿನ ಕೊನೆ ದುರಂತವೇ. 1591ರಲ್ಲಿ ಆಳುತ್ತಿದ್ದ ತೊಯೊತೊಮಿ ಹಿದೆಯೋಶಿ ಅವನಿಗೆ ಹೊಟ್ಟೆ ಬಗೆದುಕೊಂಡು ಸಾಯುವಂತೆ ಆಜ್ಞೆ ಮಾಡಿದ. ಸಾಯುವ ಮುನ್ನ ರಿಕ್ಯು ಬಿದಿರು ಕೆತ್ತಿ ಚಮಚವೊಂದನ್ನು ಮಾಡಿದ. ಅದು ಶಿಷ್ಯ ಫುರುತಾ ಒರಿಬೆಯ ಪಾಲಿಗೆ ಬಂತು. ಒರಿಬೆ ಅದಕ್ಕೆ ಕಿಟಕಿಯಂಥ ಕಿಂಡಿಯಿರುವ ಬಿದಿರಿನ ಕೊಳವೆ ಮಾಡಿಸಿ, ಗುರುವಿನ ಸ್ಮಾರಕವೆಂಬಂತೆ ಅದಕ್ಕೆ ಕೈಮುಗಿಯುತ್ತಿದ್ದನಂತೆ. 'ನಮಿದ', ಅಂದರೆ ಕಣ್ಣೀರು, ಎಂಬ ಆ ಚಮಚ ಈಗ ನಗೋಯದ ತೊಕುಗಾವ ಸಂಗ್ರಹಾಲಯದಲ್ಲಿದೆ. ಬಿದಿರಿನ ಬೆಲೆ ನೋಡಿದರೆ ನಾಲ್ಕು ಕಾಸೂ ಆಗಲಾರದು.

ಈ ವಂಶಾವಳಿಯೆಲ್ಲ ಬರೆದಿರುವುದು ಪೆಟ್ಟಿಗೆಯ ಮೇಲೆ. ಹಗುರವಾದ, ತೇವ ತಡೆಯುವ, 'ಕಿರಿ' ಎಂಬ ಮರದ ಪೆಟ್ಟಿಗೆ. ಅದಕ್ಕೆ ನೇಯ್ದ ದಾರದ ಕಟ್ಟು. ಮಾಡಿದ ಕುಶಲಕರ್ಮಿಯೇ ಮುಚ್ಚಳದ ಮೇಲೆ ಮಸಿಯಲ್ಲಿ ಬರೆದು ಮುದ್ರೆ ಒತ್ತಿದ್ದರೆ ಒಂದು ಬೆಲೆ. ರಿಕ್ಯುವಿನ ವಂಶಸ್ಥರು ನಡೆಸುವ ಒಮೊತೆಸೆಂಕೆ, ಉರಾಸೆಂಕೆ, ಮುಶಾಕೊಜಿಸೆಂಕೆ ಎಂಬ ಮೂರು ಪೀಠಗಳ ಯಜಮಾನರಲ್ಲೊಬ್ಬರು ಹೆಸರಿಟ್ಟು ಬರೆದಿದ್ದರೆ ಅದರ ಎಷ್ಟೋ ಪಟ್ಟು ಬೆಲೆ. ಹೊಸ ಒಡೆಯ ಹಳೆಯ ಪೆಟ್ಟಿಗೆ ಎಸೆಯುವುದಿಲ್ಲ, ಅದಕ್ಕೊಂದು ಹೊರಪೆಟ್ಟಿಗೆ ಮಾಡಿಸುತ್ತಾನೆ. ಹೀಗೆ ಪೆಟ್ಟಿಗೆಗೆ ಪೆಟ್ಟಿಗೆ ಕೂಡುತ್ತಾ ಹೋಗುತ್ತದೆ. ಒಳಗೆ ಭರಣಿಗೆ ತೊಡಿಸುವ ರೇಷ್ಮೆ ಚೀಲವೂ ಇರುತ್ತದೆ. ಇಲ್ಲಿ ನಮ್ಮ ದೇಶದ ನಂಟೂ ಒಂದಿದೆ. ಕೋರಮಂಡಲ ಕರಾವಳಿಯಿಂದ ಡಚ್ಚರ ಹಡಗುಗಳಲ್ಲಿ ಹೋದ ಹೂಬಳ್ಳಿಯ ಬಣ್ಣದ ಹತ್ತಿ ಬಟ್ಟೆಗಳನ್ನು ಜಪಾನೀಯರು ಸರಾಸ ಎಂದು ಕರೆದು, ತುಂಡುತುಂಡಾಗಿ ಜೋಪಾನ ಮಾಡಿ ಚಹಾ ಪರಿಕರಗಳ ಚೀಲಕ್ಕೂ ಹೊದಿಕೆಗೂ ಬಳಸಿದರು. ನೇಕಾರರ ಊರಲ್ಲಿ ಉಳಿಯದ ಮಾದರಿಗಳು ಅಲ್ಲಿ ಅಂಗೈಯಗಲದ ಚಿಂದಿಯಾಗಿ ಉಳಿದಿವೆ.

ಚೀನಾದಲ್ಲಿ ಸಾಮಾನು ತುಂಬಲು ಮಾಡಿದ 'ಚಿಗುಸ' ಎಂಬ ಸುಮಾರು 42 ಸೆಂ.ಮೀ. ಎತ್ತರದ ಜಾಡಿಯನ್ನು ವಾಷಿಂಗ್ಟನ್ನಿನ ಫ್ರೀಯರ್ ಗ್ಯಾಲರಿ 2009ರಲ್ಲಿ ಹರಾಜಿನಲ್ಲಿ ಕೊಂಡಿತು. ಜಾಡಿಯ ಜೊತೆ ಬಾಯಿ ಮುಚ್ಚುವ ಜರಿ ಬಟ್ಟೆ, ಹೆಣೆದ ಬಲೆ, ಪೆಟ್ಟಿಗೆಗಳು, ಪತ್ರಗಳು ಎಲ್ಲವೂ ಬಂದವು. 16ನೇ ಶತಮಾನದ ಚಹಾ ದಿನಚರಿಗಳಲ್ಲಿ ಇದೇ ಜಾಡಿಯ ವರ್ಣನೆ ಸಿಗುತ್ತದೆ. ಬರಿ ಜಾಡಿಯಾಗಿದ್ದರೆ ಅದಕ್ಕೆ ಅಷ್ಟು ದೂರದ ಪ್ರಯಾಣ ಇರುತ್ತಿರಲಿಲ್ಲ.

ಪೆಟ್ಟಿಗೆ ಇಷ್ಟು ಮಾತಾಡುವುದರಿಂದಲೇ ಮೋಸವೂ ಅಲ್ಲೇ ಹುಟ್ಟುತ್ತದೆ. ಒಳ್ಳೆಯ ಪೆಟ್ಟಿಗೆಯಲ್ಲಿ ಸಾಮಾನ್ಯ ಬಟ್ಟಲು ಕೂರಿಸುವುದು ಈ ವ್ಯಾಪಾರದ ಹಳೇ ಚಾಳಿ. ಪರಿಣತರ ಕಣ್ಣೂ ತಪ್ಪುತ್ತದೆ. 1294ರ ಇಸವಿ ಕೊರೆದಿದ್ದ ಮದ್ಯದ ಹೂಜಿಯೊಂದನ್ನು 1959ರಲ್ಲಿ ಸರ್ಕಾರವೇ ಮಹತ್ವದ ಸಾಂಸ್ಕೃತಿಕ ಆಸ್ತಿ ಎಂದು ಘೋಷಿಸಿತು. ಅದು ಆಧುನಿಕ ಕಾಲದ್ದು, ಪ್ರಸಿದ್ಧ ಕುಂಬಾರ ಕಾತೊ ತೊಕುರೊ ಅವರ ಕೈಯದ್ದು ಎಂಬ ಗುಲ್ಲೆದ್ದು, ಲೇಪದ ವೈಜ್ಞಾನಿಕ ಪರೀಕ್ಷೆಯೂ ನಡೆದು, 1961ರಲ್ಲಿ ಸರ್ಕಾರ ಆ ಮಾನ್ಯತೆಯನ್ನು ರದ್ದು ಮಾಡಬೇಕಾಯಿತು. ತಮಾಷೆಯೆಂದರೆ ಕಾತೊ ಅವರ ಹೆಸರು ಇದರಿಂದ ಕೆಡಲಿಲ್ಲ. ಹಳಬರನ್ನೇ ಮೀರಿಸುವ ಕೈ ಎಂದು ಇನ್ನೂ ಬೆಳೆಯಿತು!

ಕಣ್ಣಿಗೆ ಸಿಕ್ಕ ಗೆಲುವಿನ ಕಥೆಯೂ ಇದೆ. ಬಿಳಿ, ಮಂದ ಲೇಪದ ಹಳೆಯ ಶಿನೊ ಬಟ್ಟಲುಗಳು ಸೆತೊ ಎಂಬ ಊರಿನಲ್ಲಿ ತಯಾರಾದವೆಂದೇ ಎಲ್ಲರೂ ನಂಬಿದ್ದರು. 1930ರಲ್ಲಿ ಅರಾಕಾವ ತೊಯೊಝೊ ಎಂಬ ಕುಂಬಾರ ನಗೋಯದಲ್ಲಿ ಬಿದಿರ ಕಳಲೆಯ ಚಿತ್ರವಿದ್ದ ಒಂದು ಶಿನೊ ಬಟ್ಟಲು ನೋಡಿದರು. ತಳಕ್ಕೆ ಅಂಟಿದ್ದ ಮಣ್ಣಿನ ಚೂರು ಸೆತೊದ್ದಲ್ಲ ಅನ್ನಿಸಿತು. ಅನುಮಾನ ಬೆನ್ನುಹತ್ತಿ ಮಿನೊ ಪ್ರದೇಶದ ಗುಡ್ಡದಲ್ಲಿ ಹಾಳು ಆವಿಗೆಯೊಂದನ್ನು ಕೆದಕಿದಾಗ ಅದೇ ಕಳಲೆ ಚಿತ್ರದ ಬೋಕಿ ಕೈಗೆ ಸಿಕ್ಕಿತು. ಜಪಾನಿನ ಕುಂಭಕಲೆಯ ಚರಿತ್ರೆಯಲ್ಲಿ ಒಂದು ಅಧ್ಯಾಯವನ್ನೇ ತಿದ್ದಬೇಕಾಯಿತು. ಅರಾಕಾವ ಅಲ್ಲೇ ಆವಿಗೆ ಹೂಡಿ ಸತ್ತುಹೋಗಿದ್ದ ಶಿನೊ ವಿದ್ಯೆಯನ್ನು ಮತ್ತೆ ಹತ್ತಿಸಿದರು.

ಒಡೆದದ್ದಕ್ಕೂ ಇಲ್ಲಿ ಮಾನವಿದೆ. ಬಿರುಕನ್ನು ಉರುಷಿಯಿಂದ ಬೆಸೆದು ಮೇಲೆ ಚಿನ್ನದ ಪುಡಿ ಉದುರಿಸುವ ಕಿಂತ್ಸುಗಿ ಈಗ ಜಗತ್ತಿಗೆಲ್ಲ ಗೊತ್ತು; ಅದರ ಮೇಲೆ ಕಟ್ಟಿದ ಜೀವನೋಪದೇಶದ ಪುಸ್ತಕಗಳು ಅತಿಯಾದವು ಎನ್ನಲೂಬಹುದು. ಅದಕ್ಕಿಂತ ಸೊಗಸಾದ ಉದಾಹರಣೆ ತೋಕಿಯೊ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ. ಶೋಗನ್ ಅಶಿಕಾಗ ಯೋಶಿಮಾಸನ ಹಸಿರು ಬಟ್ಟಲು ಬಿರುಕುಬಿಟ್ಟಾಗ ಅಂಥದ್ದೇ ಇನ್ನೊಂದು ಬೇಕೆಂದು ಚೀನಾಕ್ಕೆ ಕಳಿಸಿದರಂತೆ. ಅಂಥದ್ದು ಈಗ ಸಿಗದು ಎಂದು ಅಲ್ಲಿಯವರು ಅದನ್ನೇ ಕಬ್ಬಿಣದ ಕೊಂಡಿ ಹೊಡೆದು ವಾಪಸ್ಸು ಕಳಿಸಿದರು. ಮಿಡತೆ ಕೂತಂತೆ ಕಾಣುವ ಆ ಕೊಂಡಿಗಳೇ ಈಗ ಬಟ್ಟಲಿನ ಖ್ಯಾತಿ.

ಇಂಥವು ಮಾರಾಟಕ್ಕೆ ಬರುವುದು ಅಪರೂಪ. ರಾಷ್ಟ್ರೀಯ ನಿಧಿಗಳನ್ನು ಮಾರಿ ಜಪಾನಿನ ಗಡಿ ದಾಟಿಸುವಂತೆಯೂ ಇಲ್ಲ. ಆದರೆ ಸಾಮಾನ್ಯನಿಗೆ ಬಾಗಿಲು ಮುಚ್ಚಿಲ್ಲ. ಕ್ಯೋತೊದ ತೋಜಿ ದೇವಾಲಯದಲ್ಲಿ ಪ್ರತಿ ತಿಂಗಳ 21ಕ್ಕೆ, ಕಿತಾನೊ ತೆನ್ಮಾಂಗುವಿನಲ್ಲಿ 25ಕ್ಕೆ ಸಂತೆ ಸೇರುತ್ತದೆ. ಅಜ್ಜಿಯಂದಿರು ಮದುವೆಗೆ ಮುಂಚೆ ಚಹಾ ಕಲಿತಾಗ ಕೊಂಡ ಸಾಮಾನುಗಳನ್ನು ಮೊಮ್ಮಕ್ಕಳು ಮಾರುತ್ತಿರುವ ಕಾಲವಿದು. ಹಾಗಿ, ಕರತ್ಸು, ರಾಕು ಶೈಲಿಯ ಒಳ್ಳೆಯ ಕೈಕೆಲಸ, ಪೆಟ್ಟಿಗೆ ಸಮೇತ, ಕೈಗೆಟಕುವ ಬೆಲೆಗೇ ಸಿಗುತ್ತದೆ.

ಹೊಸಬರಿಗೆ ಹೇಳಬೇಕಾದ್ದು ಇಷ್ಟು. ಮೊದಲು ಹೊಸ ಕುಂಬಾರನೊಬ್ಬನ ಬಟ್ಟಲು ಕೊಂಡು ದಿನವೂ ಅದರಲ್ಲಿ ಕುಡಿಯಿರಿ. ಭಾರ, ತುಟಿಗೆ ತಾಗುವ ಅಂಚು, ಕಡೆಗೋಲು ಆಡುವ ತಳ ಕೈಗೆ ತಿಳಿದ ಮೇಲೆ ಹಳೆಯದರ ಗೊಡವೆಗೆ ಹೋಗಿ. ಪೆಟ್ಟಿಗೆ ಓದುವ ಮುಂಚೆ ಬಟ್ಟಲನ್ನು ತಿರುಗಿಸಿ ತಳ ನೋಡಿ. ಮೆತ್ತಗೆ ಸುಟ್ಟ ಹಾಗಿ, ರಾಕು ಬಟ್ಟಲುಗಳು ನೀರು ಹೀರುತ್ತವೆ. ಹಾಗಿಯ ಬಿರುಕುಗಳಲ್ಲಿ ಚಹಾ ಇಳಿದು ವರ್ಷಗಳಲ್ಲಿ ಬಣ್ಣವೇ ಬದಲಾಗುತ್ತದೆ, ಅದು ಕಲೆಯಲ್ಲ. ಬಳಸುವ ಮುನ್ನ ಬಿಸಿನೀರಲ್ಲಿ ನೆನೆಸಿ, ಸೋಪು ಹಾಕದೆ ತೊಳೆದು, ಕೆಲವು ದಿನ ನೆರಳಿನ ಗಾಳಿಗೆ ಬಿಟ್ಟು ಪೂರ್ತಿ ಒಣಗಿದ ಮೇಲೇ ಪೆಟ್ಟಿಗೆಗೆ ಹಾಕಿ. ನಮ್ಮ ಮಳೆಗಾಲದಲ್ಲಿ ಅವಸರ ಮಾಡಿದರೆ ಬಟ್ಟಲಿಗೂ ಪೆಟ್ಟಿಗೆಗೂ ಒಟ್ಟಿಗೇ ಬೂಷ್ಟು ಹಿಡಿಯುತ್ತದೆ.