19 ಕೋಟಿ ಬುಟ್ಟಿ ಮಣ್ಣು ಹೊತ್ತವರು

ಮೆಕ್ಸಿಕೊದ ತಬಾಸ್ಕೊ ರಾಜ್ಯದಲ್ಲಿ ದನ ಮೇಯುವ ಬಯಲಿನ ನಡುವೆ ಒಂದು ದಿಬ್ಬವಿದೆ. ಉದ್ದ 1,400 ಮೀಟರ್, ಅಗಲ ಸುಮಾರು 400, ಎತ್ತರ 10ರಿಂದ 15. ಎಷ್ಟು ವಿಶಾಲವೆಂದರೆ, ಮೇಲೆ ನಿಂತವರಿಗೆ ಅದು ದಿಬ್ಬವೆಂದೇ ತೋರದು. ವಿಮಾನದಿಂದ ಲೇಸರ್ ಹಾಯಿಸಿ ನೆಲದ ಏರಿಳಿತ ಅಳೆಯುವ ಲಿಡಾರ್ ತಂತ್ರದಿಂದ ಅದರ ಪೂರ್ತಿ ಆಕಾರ ಕಾಣಿಸಿತು. ಅಗ್ವಾಡಾ ಫೆನಿಕ್ಸ್ ಎಂಬ ಈ ನೆಲೆಯ ವಿವರ ಪ್ರಕಟವಾದದ್ದು 2020ರಲ್ಲಿ. ಮಾಯಾ ನಾಗರಿಕತೆಯ ಸೀಮೆಯಲ್ಲಿ ಈವರೆಗೆ ಸಿಕ್ಕ ಅತಿ ದೊಡ್ಡ ನಿರ್ಮಾಣಗಳಲ್ಲಿ ಇದೂ ಒಂದು, ಕಟ್ಟಿದ್ದು ಕ್ರಿ.ಪೂ. 1000 ಮತ್ತು 800ರ ನಡುವೆ.

ಅದಕ್ಕೆ ತುಂಬಿದ ಮಣ್ಣು ಕಡಿಮೆಯೆಂದರೂ 32 ಲಕ್ಷ ಘನ ಮೀಟರ್. ಗೀಜಾದ ಮಹಾ ಪಿರಮಿಡ್ಡಿನ ಗಾತ್ರ ಸುಮಾರು 26 ಲಕ್ಷ. ಈ ದಿಬ್ಬ ಕಟ್ಟಿದವರಿಗೆ ಎತ್ತಿರಲಿಲ್ಲ, ಕತ್ತೆಯಿರಲಿಲ್ಲ, ಗಾಡಿಯಿರಲಿಲ್ಲ, ಲೋಹದ ಗುದ್ದಲಿಯೂ ಇರಲಿಲ್ಲ. ಹೊರೆಯೆಲ್ಲ ಮನುಷ್ಯರ ಮೈಮೇಲೆಯೇ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್, ಒಬ್ಬರು ಒಮ್ಮೆಗೆ ಹೊರುವುದು 25 ಕಿಲೊ ಎಂದಿಟ್ಟುಕೊಳ್ಳಿ. ಘನ ಮೀಟರಿಗೆ 60 ಬುಟ್ಟಿ. ಒಟ್ಟು 19 ಕೋಟಿ 20 ಲಕ್ಷ ಬುಟ್ಟಿ! ಅಗೆದು, ಹೊತ್ತು, ಸುರಿಯಲು 1 ಕೋಟಿಯಿಂದ 1.3 ಕೋಟಿ ಆಳು-ದಿನ ಬೇಕಾಗಿತ್ತೆಂಬುದು ಸಂಶೋಧಕರ ಅಂದಾಜು. 5,000 ಜನ ವರ್ಷಕ್ಕೆ 100 ದಿನ ದುಡಿದರೂ ಕನಿಷ್ಠ 20 ವರ್ಷದ ಕೆಲಸ.

ಇಷ್ಟೊಂದು ಜನರನ್ನು ದುಡಿಸಿದ ಅರಸ ಯಾರು? ಅಲ್ಲಿ ಅರಸನ ಗುರುತೇ ಸಿಕ್ಕಿಲ್ಲ. ಪ್ರಭುಗಳನ್ನು ಮೆರೆಸುವ ಶಿಲ್ಪಗಳಿಲ್ಲ. ಮೊದಲು ಮೇಲು-ಕೀಳಿನ ಶ್ರೇಣಿ ಹುಟ್ಟಬೇಕು, ಆಮೇಲಷ್ಟೇ ದೊಡ್ಡ ಕಟ್ಟಡ ಏಳುತ್ತದೆ ಎಂಬ ನಂಬಿಕೆಯನ್ನು ಈ ಮಣ್ಣಿನ ರಾಶಿ ಅಲುಗಾಡಿಸಿಬಿಟ್ಟಿದೆ. ನನಗಂತೂ ಅದರ ಗಾತ್ರಕ್ಕಿಂತ ಈ ಸಂಗತಿಯೇ ದೊಡ್ಡ ಬೆರಗು.

ಅರಸರು ಬಂದದ್ದು ಆಮೇಲೆ, ಬಂದ ಮೇಲೆ ಶ್ರೇಣಿ ಬಲವಾಯಿತು. ದೈವಾಂಶದ ದೊರೆ, ಅವನ ಕೈಕೆಳಗೆ ಸೀಮೆ ನೋಡಿಕೊಳ್ಳುವ ಸಾಮಂತರು, ಪುರೋಹಿತರು, ಲಿಪಿಕಾರರು. ತೀರಾ ಕೆಳಗೆ ಗುಲಾಮರು. ಮಾಯಾ ನಗರ ಪಲೆಂಕೆಯ ದೊರೆ ಪಕಾಲ್ ಕ್ರಿ.ಶ. 615ರಲ್ಲಿ, 12ನೆಯ ವಯಸ್ಸಿಗೆ ಪಟ್ಟಕ್ಕೆ ಬಂದು 68 ವರ್ಷ ಆಳಿದ. 1952ರಲ್ಲಿ ಪಿರಮಿಡ್ಡಿನ ಅಡಿಯಲ್ಲಿ ಅವನ ಸಮಾಧಿ ಸಿಕ್ಕಿತು. ಶವಪೆಟ್ಟಿಗೆಯ ಕಲ್ಲಿನ ಮುಚ್ಚಳವೊಂದೇ ಹಲವು ಟನ್ ಭಾರ. ಮುಖಕ್ಕೆ ಹಸಿರು ಜೇಡ್ ಕಲ್ಲಿನ ಮುಖವಾಡ. ಹುಟ್ಟು, ಪಟ್ಟ, ಸಾವು ಎಲ್ಲಕ್ಕೂ ಕಲ್ಲಿನಲ್ಲಿ ದಿನಾಂಕ ಉಳಿದಿರುವ ದೊರೆ ಅವನು.

ಉಳಿದವರು? ಗ್ವಾಟೆಮಾಲಾದ ಉತ್ತರದ ಕಾಡಿನಲ್ಲಿ 2,144 ಚದರ ಕಿಲೋಮೀಟರ್ ನೆಲವನ್ನು ಲಿಡಾರ್‌ನಿಂದ ಅಳೆದಾಗ 61,480 ಕಟ್ಟಡಗಳ ಗುರುತು ಸಿಕ್ಕಿತು. 2018ರಲ್ಲಿ ಪ್ರಕಟವಾದ ಆ ಲೆಕ್ಕವನ್ನು ಸುತ್ತಲಿನ ತಗ್ಗುಸೀಮೆಗೆಲ್ಲ ವಿಸ್ತರಿಸಿದರೆ, 650–800ರ ಸುಮಾರಿಗೆ ಅಲ್ಲಿದ್ದವರು 70 ಲಕ್ಷದಿಂದ 1.1 ಕೋಟಿ ಜನ. ಶಾಸನಗಳಲ್ಲಿ ಹೆಸರು ಉಳಿದಿರುವುದು ಇವರಲ್ಲಿ ಬೆರಳೆಣಿಕೆಯಷ್ಟು ಮಂದಿಯದು. ಮೆಕ್ಕೆಜೋಳ ಬೆಳೆದವರ ಹೆಸರನ್ನು ಯಾವ ಕಲ್ಲೂ ಹೇಳುವುದಿಲ್ಲ.

ಅವರ ಬದುಕು ಹೇಗಿತ್ತೆಂದು ತೋರಿಸಿದ್ದು ಒಂದು ಜ್ವಾಲಾಮುಖಿ. ಮಾಯಾ ಸೀಮೆಯ ಅಂಚಿನಲ್ಲಿ, ಈಗಿನ ಎಲ್ ಸಾಲ್ವಡಾರ್‌ನಲ್ಲಿ, ಸುಮಾರು 1,400 ವರ್ಷಗಳ ಹಿಂದೆ ಹೋಯಾ ದೆ ಸೆರೆನ್ ಎಂಬ ಹಳ್ಳಿ ಹಲವು ಮೀಟರ್ ಬೂದಿಯಡಿ ಹೂತುಹೋಯಿತು. ಜನ ಓಡಿ ಪಾರಾದಂತಿದೆ. ಮನೆಯಲ್ಲಿದ್ದದ್ದು ಇದ್ದಲ್ಲೇ ಉಳಿಯಿತು. 1976ರಲ್ಲಿ ಬುಲ್ಡೋಜರ್ ನೆಲ ಕೆದಕಿದಾಗ ಅದು ಹೊರಬಿತ್ತು. ಒಂದೊಂದು ರೈತ ಮನೆಯಲ್ಲಿ 70ರಷ್ಟು ಮಡಕೆ-ಕುಡಿಕೆ! ಕೆಲವಕ್ಕೆ ಬಣ್ಣದ ಚಿತ್ತಾರ. ಹುಲ್ಲುಮಾಡಿಗೆ ಮಕ್ಕಳ ಕೈಗೆಟುಕದಂತೆ ಸಿಕ್ಕಿಸಿಟ್ಟ ಕಪ್ಪುಗಾಜಿನ ಕಲ್ಲಿನ ಅಲಗುಗಳು. ಊರಿಗೊಂದು ಹಬೆಸ್ನಾನದ ಮನೆ. ಜೊತೆಗೆ, ದೊರೆಗಳ ಮುಖ ಮುಚ್ಚುತ್ತಿದ್ದ ಅದೇ ಜೇಡ್ ಕಲ್ಲಿನಲ್ಲಿ ಮಾಡಿದ, ರೈತರು ಮರ ಕಡಿಯುತ್ತಿದ್ದ ಕೊಡಲಿ.