ಹೇಳಿದವನು ಗೈಡ್, ಹೆಸರು ಬರೆದವನದು

ಈಜಿಪ್ಟಿಗೆ ಹೋಗಿದ್ದ ಗ್ರೀಕ್ ಪ್ರವಾಸಿಯೊಬ್ಬ ಮಹಾ ಪಿರಮಿಡ್ಡಿನ ಮೇಲಿದ್ದ ಬರಹ ತೋರಿಸಿ ಅದರಲ್ಲೇನಿದೆ ಎಂದು ಕೇಳಿದ. ಜೊತೆಗಿದ್ದ ದುಭಾಷಿ ಓದಿ ಹೇಳಿದ: ಕಟ್ಟಡದ ಆಳುಗಳಿಗೆ ಕೊಟ್ಟ ಮೂಲಂಗಿ, ಈರುಳ್ಳಿ, ಬೆಳ್ಳುಳ್ಳಿಯ ಖರ್ಚಿನ ಲೆಕ್ಕ ಇದು, ಒಟ್ಟು 1600 ಟ್ಯಾಲೆಂಟ್ ಬೆಳ್ಳಿ. ಇಂದಿನ ತೂಕದಲ್ಲಿ ಸುಮಾರು 40 ಟನ್. ಕೇಳಿದವನ ಹೆಸರು ಹೆರೊಡೊಟಸ್. ಕ್ರಿ.ಪೂ. 5ನೇ ಶತಮಾನದ ಮಾತಿದು. ಆ ಹೊತ್ತಿಗಾಗಲೇ ಪಿರಮಿಡ್ಡಿಗೆ ಎರಡು ಸಾವಿರ ವರ್ಷ ತುಂಬಿತ್ತು. ಅಷ್ಟು ಹಳೆಯ ಲಿಪಿ ದುಭಾಷಿಗೆ ಓದಲು ಬರುತ್ತಿತ್ತು ಎಂದು ನಂಬುವ ವಿದ್ವಾಂಸರು ಕಡಿಮೆ. ಆದರೆ ಅಷ್ಟು ದೂರದಿಂದ ಬಂದವನಿಗೆ ‘ಗೊತ್ತಿಲ್ಲ ಸ್ವಾಮಿ’ ಎಂದು ಹೇಳಿ ಕಳಿಸಲಾದೀತೆ? ಹೆರೊಡೊಟಸ್ ಅದನ್ನು ತನ್ನ ಇತಿಹಾಸ ಗ್ರಂಥದಲ್ಲಿ ಬರೆದಿಟ್ಟ, ಜಗತ್ತು ಇವತ್ತಿಗೂ ಓದುತ್ತಿದೆ. ದುಭಾಷಿಯ ಹೆಸರನ್ನು ಮಾತ್ರ ಅವನು ಬರೆಯಲಿಲ್ಲ.

ಗೈಡುಗಳ ಚರಿತ್ರೆ ಹುಡುಕಿಕೊಂಡು ಹೊರಟರೆ ಉದ್ದಕ್ಕೂ ಸಿಗುವುದು ಇದೇ. ಗೈಡ್ ಹೇಳಿದ್ದು ಉಳಿದಿರುತ್ತದೆ, ಗೈಡ್ ಉಳಿದಿರುವುದಿಲ್ಲ. ಉಳಿದರೂ ಬೈಗುಳದ ರೂಪದಲ್ಲಿ.

ಕ್ರಿ.ಶ. 2ನೇ ಶತಮಾನಕ್ಕೆ ಬಂದರೆ ಗ್ರೀಸಿನಲ್ಲಿ ಗೈಡುಗಳು ಒಂದು ಕಸುಬಿನವರಾಗಿ ಕಾಣಿಸುತ್ತಾರೆ. ಡೆಲ್ಫಿಯ ದೇವಾಲಯದಲ್ಲಿ ಪೂಜಾರಿಯಾಗಿದ್ದ ಪ್ಲೂಟಾರ್ಕ್ ಒಂದು ಸಂಭಾಷಣೆಯಲ್ಲಿ ಅಲ್ಲಿನ ಗೈಡುಗಳನ್ನು ತಂದಿದ್ದಾನೆ. ಬಂದವರು ಸ್ವಲ್ಪ ಚಿಕ್ಕದು ಮಾಡಿ ಎಂದು ಬೇಡಿಕೊಂಡರೂ ಅವರು ಬಾಯಿಪಾಠದ ಒಂದು ಸಾಲೂ ಬಿಡದೆ, ಕಂಡ ಶಾಸನವನ್ನೆಲ್ಲ ಓದುತ್ತಾ ಹೋಗುತ್ತಾರೆ. ವ್ಯಂಗ್ಯಕ್ಕೆ ಹೆಸರಾದ ಲೂಸಿಯನ್ ಇನ್ನೂ ಖಾರ: ಗ್ರೀಸಿನಿಂದ ಕಟ್ಟುಕತೆಗಳನ್ನು ತೆಗೆದುಹಾಕಿದರೆ ಗೈಡುಗಳು ಹಸಿವಿನಿಂದ ಸಾಯುತ್ತಾರೆ, ಏಕೆಂದರೆ ನಿಜವನ್ನು ಪುಕ್ಕಟೆ ಕೊಟ್ಟರೂ ಕೇಳುವವರಿಲ್ಲ ಎಂಬರ್ಥದ ಮಾತು ಅವನದು. ಈ ಏಟು ಬಿದ್ದದ್ದು ಗೈಡಿಗಿಂತ ಹೆಚ್ಚಾಗಿ ಪ್ರವಾಸಿಗೆ ಎಂಬುದನ್ನು ಗಮನಿಸಬೇಕು.

ಪೌಸೇನಿಯಸ್ ಎಂಬವನು ಗ್ರೀಸ್ ಸುತ್ತಿ ಹತ್ತು ಸಂಪುಟ ಬರೆದ. ಆರ್ಗೊಸ್ ಊರಿನ ಗೈಡುಗಳ ಬಗ್ಗೆ ಅವನ ದೂರು ಸ್ವಾರಸ್ಯವಾಗಿದೆ. ತಾವು ಹೇಳುವುದೆಲ್ಲ ನಿಜವಲ್ಲವೆಂದು ಅವರಿಗೇ ಗೊತ್ತು, ಆದರೂ ಹೇಳುತ್ತಾರೆ, ಜನ ನಂಬಿದ್ದನ್ನು ಬದಲಿಸುವುದು ಸುಲಭವಲ್ಲವಲ್ಲ ಎನ್ನುತ್ತಾನೆ. ಹೀಗೆ ದೂರಿದವನ ಹತ್ತು ಸಂಪುಟಗಳಲ್ಲಿ ಸ್ಥಳೀಯರ ಬಾಯಿಂದ ಬಂದದ್ದೇ ರಾಶಿ ಇದೆ. ಮೈಸೀನಿಯ ಕೋಟೆಯೊಳಗೆ ಟ್ರಾಯ್ ಯುದ್ಧದ ರಾಜ ಅಗಮೆಮ್ನಾನನ ಸಮಾಧಿ ಇದೆ ಎಂಬುದು ಅದರಲ್ಲೊಂದು. ಆ ಸಾಲನ್ನು ನೆಚ್ಚಿಕೊಂಡು 1876ರಲ್ಲಿ ಪುರಾತತ್ವ ಶೋಧಕ ಷ್ಲೀಮನ್ ಗೋಡೆಯ ಒಳಗೆ ಅಗೆದ. ಚಿನ್ನದ ಮುಖವಾಡಗಳು ಸಿಕ್ಕವು. ಅವು ಅಗಮೆಮ್ನಾನನ ಕಾಲಕ್ಕಿಂತ ಶತಮಾನಗಳಷ್ಟು ಹಳೆಯವೆಂದು ಆಮೇಲೆ ತಿಳಿಯಿತು. ಹೆಸರು ತಪ್ಪಾಗಿತ್ತು, ಜಾಗ ಸರಿಯಾಗಿತ್ತು.

ಆರ್ಗೊಸ್ ಬಗ್ಗೆ ಓದುವಾಗ ನನಗೆ ಬೇಲೂರು ನೆನಪಾಗದೆ ಇರುವುದಿಲ್ಲ. ಚೆನ್ನಕೇಶವನ ಗುಡಿಗೆ ಹೋದವರೆಲ್ಲ ಜಕಣಾಚಾರಿಯ ಕತೆ ಕೇಳಿಯೇ ಬಂದಿರುತ್ತಾರೆ. ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದ ಹುಡುಗ, ಮೈಗೆಲ್ಲ ಬಳಿದ ಗಂಧ ಹೊಕ್ಕುಳ ಬಳಿ ಮಾತ್ರ ಒಣಗದೆ ಉಳಿದದ್ದು, ಅಲ್ಲಿಂದ ಹೊರಬಂದ ಕಪ್ಪೆ, ಆ ಹುಡುಗ ತನ್ನ ಮಗನೇ ಎಂದು ತಿಳಿದು ಬಲಗೈ ಕಡಿದುಕೊಂಡ ಶಿಲ್ಪಿ. ಪಕ್ಕದ ಕಪ್ಪೆ ಚೆನ್ನಿಗರಾಯನ ಗುಡಿಯೇ ಕಣ್ಣೆದುರಿಗಿರುವಾಗ ಯಾರು ಎದುರಾಡುತ್ತಾರೆ? ಆದರೆ 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಆ ದೇವಾಲಯದ ಕಲ್ಲುಗಳಲ್ಲಿ ಶಿಲ್ಪಿಗಳು ತಮ್ಮ ಹೆಸರನ್ನು ತಾವೇ ಕೆತ್ತಿಕೊಂಡಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಜಗತ್ತಿನ ಎಷ್ಟೋ ದೊಡ್ಡ ಕಟ್ಟಡಗಳಿಗೆ ಇಲ್ಲದ ಭಾಗ್ಯವಿದು. ಗೈಡುಗಳಿಗೆ ಇದು ತಿಳಿಯದೆ ಏನಿಲ್ಲ, ಬಿಡಿಸಿ ಕೇಳಿದರೆ ಮದನಿಕೆಯ ಕಾಲಡಿಯ ಅಕ್ಷರಗಳನ್ನು ತೋರಿಸುವವರಿದ್ದಾರೆ. ಕೇಳುವವರು ಬೇಕಷ್ಟೆ. ಶಾಲಾ ಮಕ್ಕಳ ಎರಡು ಬಸ್ಸು ಬಂದು ನಿಂತಾಗ ದಾಸೋಜನ ಸಹಿಗಿಂತ ಕಪ್ಪೆಯೇ ಗೆಲ್ಲುತ್ತದೆ. ಹಂಪಿಯಲ್ಲೂ ಹಾಗೆಯೇ. ವಿಠ್ಠಲ ದೇವಾಲಯದ ಸಪ್ತಸ್ವರದ ಕಂಬಗಳನ್ನು ಈಗ ಬಡಿಯುವಂತಿಲ್ಲ, ಆದರೆ ನಾದ ಎಲ್ಲಿಂದ ಬರುತ್ತದೆಂದು ನೋಡಲು ಬ್ರಿಟಿಷರು ಎರಡು ಕಂಬ ಕೊಯ್ದರು, ಒಳಗೇನೂ ಇರಲಿಲ್ಲ ಎಂಬ ಕತೆಗೆ ಯಾರೂ ನಿಷೇಧ ಹಾಕಿಲ್ಲ.

ಗುಂಪು ಗುಂಪಾಗಿ ಜನ ದೂರ ಹೋದದ್ದು ಬಹುಕಾಲ ದೇವರ ಹೆಸರಿನಲ್ಲಿ. ಆದ್ದರಿಂದ ಕಸುಬಿನ ಕಟ್ಟುಪಾಡು ಬೆಳೆದದ್ದೂ ಯಾತ್ರೆಯಲ್ಲೇ. ವೆನಿಸ್ ನಗರ ಮಧ್ಯಯುಗದಲ್ಲಿ ಜೆರುಸಲೇಮಿಗೆ ಹೊರಟ ಯಾತ್ರಿಕರಿಗೆಂದು ಅಧಿಕೃತ ಮಾರ್ಗದರ್ಶಿಗಳನ್ನು ನೇಮಿಸಿತ್ತು. ವಸತಿ ಹುಡುಕಿಕೊಡುವುದು, ಹಡಗಿನ ಯಜಮಾನನ ಜೊತೆ ಕರಾರು ಮಾಡಿಸುವುದು ಅವರ ಕೆಲಸ. ಜೆರುಸಲೇಮಿನಲ್ಲಿ ಆ ಹೊಣೆ ಫ್ರಾನ್ಸಿಸ್ಕನ್ ಸನ್ಯಾಸಿಗಳದು. 1480ರಲ್ಲೂ 1483ರಲ್ಲೂ ಅಲ್ಲಿಗೆ ಹೋದ ಜರ್ಮನ್ ಸನ್ಯಾಸಿ ಫೆಲಿಕ್ಸ್ ಫಾಬ್ರಿ, ಫ್ರಾನ್ಸಿಸ್ಕನ್ನರು ಯಾತ್ರಿಕರಿಗೆ ಓದಿ ಹೇಳುತ್ತಿದ್ದ ನಿಯಮಗಳನ್ನು ಪಟ್ಟಿ ಮಾಡಿದ್ದಾನೆ. ಪವಿತ್ರ ಸಮಾಧಿಯ ಕಲ್ಲು ಕೆತ್ತಿಕೊಂಡು ಹೋಗಬಾರದು, ಗೋಡೆಯ ಮೇಲೆ ಹೆಸರು ಬರೆಯಬಾರದು. ಐನೂರು ವರ್ಷ ಕಳೆದರೂ ನಮ್ಮ ಕೋಟೆಗಳ ಫಲಕಗಳಲ್ಲಿ ಇದೇ ಸಾಲು ಬಣ್ಣದಲ್ಲಿ ಬರೆದಿರುತ್ತದೆ, ಅದರ ಪಕ್ಕದಲ್ಲೇ ಬಾಣ ಚುಚ್ಚಿದ ಹೃದಯವೂ ಇರುತ್ತದೆ.

ಭಾರತದಲ್ಲಿ ಈ ಜಾಗದಲ್ಲಿ ನಿಂತವರು ಪಂಡಾಗಳು. ಹರಿದ್ವಾರದ ಪಂಡಾ ಮೊದಲು ಕೇಳುವುದು ಊರು, ಆಮೇಲೆ ಮನೆತನ. ಕೆಂಪು ಬಟ್ಟೆ ಸುತ್ತಿದ ಉದ್ದನೆಯ ವಹಿ ಬಿಚ್ಚಿ, ನಿಮ್ಮ ಅಜ್ಜನ ಅಪ್ಪ ಬಂದು ಹೋದದ್ದನ್ನು ತೋರಿಸುತ್ತಾನೆ. ವಸತಿ, ಊಟ, ಪೂಜೆ, ದಾರಿ, ಸ್ಥಳಪುರಾಣ ಎಲ್ಲವೂ ಒಬ್ಬನದೇ ಹೊಣೆ. ದಕ್ಷಿಣೆಯ ಜಗಳವನ್ನು ಎಷ್ಟೋ ಪ್ರವಾಸ ಕಥನಗಳು ಬರೆದಿವೆ. ಯಾತ್ರಿಕನ ಹೆಸರನ್ನು ತಲೆಮಾರುಗಟ್ಟಲೆ ಕಾಪಾಡಿಟ್ಟ ಗೈಡ್ ಬೇರೆಲ್ಲಿದ್ದಾನೆ ಎಂದು ಕೇಳಿದವರು ಕಡಿಮೆ.

ಯುರೋಪಿನಲ್ಲಿ ಯಾತ್ರೆ ಹೋಗಿ ಪ್ರವಾಸ ಬಂದಾಗ ಶ್ರೀಮಂತರ ಮಕ್ಕಳ ಜೊತೆ ಮೇಷ್ಟರು ಹೋಗತೊಡಗಿದರು. ಅರ್ಥಶಾಸ್ತ್ರದ ಆಡಂ ಸ್ಮಿತ್ ಕೂಡ ಎಳೆಯ ಡ್ಯೂಕ್ ಒಬ್ಬನನ್ನು 1764ರಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ಫ್ರಾನ್ಸ್, ಸ್ವಿಟ್ಜರ್ಲೆಂಡ್ ಸುತ್ತಿಸಿದವರು. ಇವರಿಗೆ ಮರ್ಯಾದೆಯಿತ್ತು, ಪಿಂಚಣಿಯಿತ್ತು. ಕೂಲಿಯ ಗೈಡಿಗೆ ಆ ಕಾಲದಲ್ಲಿ ಇದ್ದದ್ದೇನು ಎಂದು ತಿಳಿಯಲು ಆಲ್ಪ್ಸ್ ಹತ್ತಬೇಕು. 1820ರಲ್ಲಿ ರಷ್ಯದ ಡಾ. ಹಾಮೆಲ್ ಮೋಂ ಬ್ಲಾಂಕ್ ಏರಲು ಹೊರಟರು. ಹಿಮ ಕುಸಿದು ಮೂವರು ಗೈಡುಗಳು ಬಿರುಕಿನಲ್ಲಿ ಮುಚ್ಚಿಹೋದರು. ಮಾರನೆಯ ವರ್ಷ ಷಾಮೊನಿ ಕಣಿವೆಯ ಗೈಡುಗಳು ತಮ್ಮದೇ ಸಂಘ ಕಟ್ಟಿದರು. ಆಟೋ ಸ್ಟ್ಯಾಂಡಿನಲ್ಲಿ ಇರುವಂತೆ ಸರದಿ, ಗೊತ್ತಾದ ದರ, ಸತ್ತವರ ಮನೆಗೆ ನೆರವಿನ ನಿಧಿ. ಆ ಮೂವರ ದೇಹದ ಭಾಗಗಳು, ಬಟ್ಟೆಬರೆ 1861ರಿಂದಾಚೆಗೆ ಹಿಮನದಿಯ ತುದಿಯಲ್ಲಿ ಹೊರಬಂದವು. ಹಿಮನದಿಯ ವೇಗ ಲೆಕ್ಕಹಾಕಿದ್ದ ವಿಜ್ಞಾನಿ ಫೋರ್ಬ್ಸ್ ಸುಮಾರು ನಲವತ್ತು ವರ್ಷಕ್ಕೆ ಬರುತ್ತವೆ ಎಂದು ಮೊದಲೇ ಹೇಳಿದ್ದರು. ವಿಜ್ಞಾನದ ಪುಸ್ತಕಗಳು ಈ ಲೆಕ್ಕ ಸರಿಹೋದದ್ದನ್ನು ಸಂಭ್ರಮದಿಂದ ಹೇಳುತ್ತವೆ.

ಹೆಸರು ಉಳಿದ ಗೈಡ್ ಒಬ್ಬನಿದ್ದಾನೆ, ಅದೂ ಉಳಿಯಲು ಯಾವ ದಾರಿಯೂ ಇಲ್ಲದಿದ್ದವನು. ಅಮೆರಿಕದ ಕೆಂಟಕಿಯಲ್ಲಿ ಮ್ಯಾಮತ್ ಕೇವ್ ಎಂಬ ಗುಹೆಯಿದೆ. 1838ರಲ್ಲಿ ಅದನ್ನು ಕೊಂಡ ವಕೀಲ ಗೊರಿನ್, ಪ್ರವಾಸಿಗರಿಗೆ ತೋರಿಸಲು ತನ್ನ ಗುಲಾಮ ಹುಡುಗನೊಬ್ಬನನ್ನು ಅಲ್ಲಿಟ್ಟ. ಸ್ಟೀಫನ್ ಬಿಷಪ್, ವಯಸ್ಸು ಸುಮಾರು ಹದಿನೇಳು. ಆಗ ಎಲ್ಲರೂ ನಿಲ್ಲುತ್ತಿದ್ದದ್ದು ‘ತಳವಿಲ್ಲದ ಗುಂಡಿ’ ಎಂಬ ಕಂದರದ ಅಂಚಿನಲ್ಲಿ. ಅದೇ ವರ್ಷ ಅವನು ಒಬ್ಬ ಪ್ರವಾಸಿಯ ಜೊತೆ ಅದರ ಮೇಲೆ ಏಣಿ ಅಡ್ಡ ಹಾಕಿ, ಎಣ್ಣೆ ದೀಪದ ಬೆಳಕಿನಲ್ಲಿ ತೆವಳಿಕೊಂಡು ಆಚೆ ದಡ ಸೇರಿದ. ಆಚೆಗೆ ಮೈಲಿಗಟ್ಟಲೆ ದಾರಿ, ನೆಲದಡಿಯ ನದಿ, ಅದರಲ್ಲಿ ಕಣ್ಣಿಲ್ಲದ ಮೀನು. ಮಾರನೆಯ ವರ್ಷ ಗುಹೆಯನ್ನೂ ಸ್ಟೀಫನ್‌ನನ್ನೂ ಡಾ. ಕ್ರೋಗನ್ ಎಂಬ ವೈದ್ಯನಿಗೆ ಮಾರಲಾಯಿತು.

ಅವನು ಓದಲು ಕಲಿತದ್ದು ಪ್ರವಾಸಿಗರಿಂದಲೇ ಎನ್ನುತ್ತಾರೆ. ಮೋಂಬತ್ತಿಯ ಹೊಗೆಯಿಂದ ಗುಹೆಯ ಛಾವಣಿಯಲ್ಲಿ ಅವನ ಕೈಯಿಂದ ತಮ್ಮ ಹೆಸರು ಬರೆಸಿಕೊಳ್ಳುವುದು ಅವರ ಷೋಕಿಯಾಗಿತ್ತು. ಬಂದ ವಿದ್ವಾಂಸರ ಬಾಯಿಂದ ಭೂವಿಜ್ಞಾನದ ಮಾತುಗಳನ್ನು ಹಿಡಿದುಕೊಂಡ, ಮುಂದೆ ಬಂದವರು ಅವನಿಂದಲೇ ಕೇಳಿ ಬೆರಗಾದರು. 1842ರಲ್ಲಿ ಯಜಮಾನನ ಮನೆಯಲ್ಲಿ ಕೂತು ಗುಹೆಯ ನಕ್ಷೆಯನ್ನು ನೆನಪಿನಿಂದಲೇ ಬರೆದುಕೊಟ್ಟ. ಎರಡು ವರ್ಷದ ನಂತರ ಅದು ಅಚ್ಚಾಯಿತು, ಅವನ ಹೆಸರಿನ ಸಮೇತ. ಒಬ್ಬ ಗುಲಾಮನ ಹೆಸರು ನಕ್ಷೆಯ ಮೇಲೆ, ಅದೂ ಅಮೆರಿಕದ ದಕ್ಷಿಣದಲ್ಲಿ, ಅಂತರ್ಯುದ್ಧಕ್ಕೆ ಹದಿನೇಳು ವರ್ಷ ಮೊದಲು.

ಆ ಗುಹೆಯ ಗೈಡುಗಳ ಒಂದು ಕೈಚಳಕವನ್ನು ದಾರ್ಶನಿಕ ಎಮರ್ಸನ್ ಬರೆದಿದ್ದಾರೆ. 1850ರಲ್ಲಿ ಅವರು ಹೋದಾಗ ಒಂದು ದೊಡ್ಡ ಕೋಣೆಯಲ್ಲಿ ಎಲ್ಲರ ದೀಪಗಳನ್ನೂ ಗೈಡ್ ಇಸಿದುಕೊಂಡ. ತಲೆಯೆತ್ತಿದರೆ ಕಪ್ಪು ಛಾವಣಿಯ ತುಂಬ ನಕ್ಷತ್ರ, ನಡುವೆ ಧೂಮಕೇತುವಿನಂಥದೂ ಒಂದು. ಎಲ್ಲ ಬರೀ ಹರಳುಗಳು, ಎಲ್ಲೋ ಅರೆಮರೆಯಲ್ಲಿಟ್ಟ ದೀಪದ ಬೆಳಕು. ಆ ಇಡೀ ಗುಹೆಯಲ್ಲಿ ತನ್ನನ್ನು ಹಿಡಿದದ್ದು ಈ ಭ್ರಮೆಯೇ ಎಂದು ಎಮರ್ಸನ್ ಒಪ್ಪಿಕೊಂಡು, ಭ್ರಮೆಗಳ ಮೇಲೆ ಒಂದು ಪ್ರಬಂಧವನ್ನೇ ಬೆಳೆಸಿದರು. ಅದರಲ್ಲಿ ಗೈಡ್ ಬರೀ ಗೈಡ್, ಹೆಸರಿಲ್ಲ.

ಕ್ರೋಗನ್ ಸತ್ತದ್ದು 1849ರಲ್ಲಿ. ಏಳು ವರ್ಷ ಕಳೆದ ಮೇಲೆ ಗುಲಾಮರನ್ನು ಬಿಡಬೇಕೆಂದು ಉಯಿಲು. 1856ರಲ್ಲಿ ಸ್ವತಂತ್ರನಾದ ಸ್ಟೀಫನ್ 1857ರಲ್ಲಿ ತೀರಿಕೊಂಡ. ಬಹಳ ವರ್ಷಗಳ ಮೇಲೆ ಒಬ್ಬ ಸಿರಿವಂತ ಪ್ರವಾಸಿ ಹಾಕಿಸಿದ ಸಮಾಧಿ ಕಲ್ಲಿನ ಮೇಲೆ 1859 ಎಂದಿದೆ. ಅವನ ಜೊತೆಗಿದ್ದ ಗುಲಾಮ ಗೈಡುಗಳಾದ ಬ್ರ್ಯಾನ್ಸ್‌ಫರ್ಡ್‌ಗಳ ವಂಶ ತಲೆಮಾರುಗಳ ಕಾಲ ಅದೇ ಕೆಲಸ ಮಾಡಿಕೊಂಡು ಬಂತು. 1941ರಲ್ಲಿ ಗುಹೆ ರಾಷ್ಟ್ರೀಯ ಉದ್ಯಾನವಾಗಿ ಸರ್ಕಾರಿ ಗೈಡುಗಳು ಬಂದರು, ಈ ಕಪ್ಪು ಕುಟುಂಬಗಳು ಹೊರಗಾದವು. ಆ ವಂಶದವರೊಬ್ಬರು ಮತ್ತೆ ಅಲ್ಲಿ ಗೈಡ್ ಆದದ್ದು 2004ರಲ್ಲಿ. ಇವತ್ತು ಅಳೆದಿರುವ ಗುಹೆಯ ಉದ್ದ 680 ಕಿಲೋಮೀಟರ್ ದಾಟಿದೆ, ಜಗತ್ತಿನಲ್ಲೇ ಅತಿ ಉದ್ದ.

ನಮ್ಮ ಕಡೆಯೂ ಇಂಥದೊಂದು ಅಪರೂಪ ಉಂಟು. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯನ್ನು ಅಳೆದು, ಶಾಸನ, ಕೈಫಿಯತ್ತು, ಓಲೆಗರಿ ಕೂಡಿಹಾಕಿದ ಕರ್ನಲ್ ಮೆಕೆಂಜಿಗೆ ಊರೂರಿನ ಬಾಗಿಲು ತೆಗೆಸಿದವರು ಸ್ಥಳೀಯ ಪಂಡಿತರು. 1816ರಲ್ಲಿ ಥಾಮಸ್ ಹಿಕ್ಕಿ ಬರೆದ ವರ್ಣಚಿತ್ರದಲ್ಲಿ ಕೆಂಪು ಕೋಟಿನ ಮೆಕೆಂಜಿ ಒಬ್ಬರೇ ನಿಂತಿಲ್ಲ. ಓಲೆಗರಿ ಹಿಡಿದ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರೂ ಇದ್ದಾರೆ. ಮೆಕೆಂಜಿಗೆ ಹಳಗನ್ನಡ ಬರುತ್ತಿರಲಿಲ್ಲ. ಚಿತ್ರ ಬರೆಸುವಾಗ ಅವರು ಅದನ್ನು ಮರೆಮಾಚಲಿಲ್ಲ ಎಂಬುದಕ್ಕೆ ನಾನು ಅವರನ್ನು ಮೆಚ್ಚುತ್ತೇನೆ.

ಪ್ರವಾಸವನ್ನು ವ್ಯಾಪಾರವಾಗಿಸಿದ ಇಂಗ್ಲೆಂಡಿನ ಥಾಮಸ್ ಕುಕ್ ಕತೆ ಎಲ್ಲರಿಗೂ ಗೊತ್ತು. 1841ರ ಜುಲೈ 5ರಂದು ಪಾನನಿರೋಧ ಸಭೆಗೆಂದು ಸುಮಾರು 500 ಜನರನ್ನು ತಲಾ ಒಂದು ಷಿಲಿಂಗಿಗೆ ರೈಲಿನಲ್ಲಿ ಲೆಸ್ಟರಿನಿಂದ ಲಫ್‌ಬರೋಗೆ ಕರೆದೊಯ್ದವರು, ಮೂವತ್ತು ವರ್ಷದ ನಂತರ ಭೂಮಿಯನ್ನೇ ಸುತ್ತಿಸಿದರು. ಅದೇ ಹೊತ್ತಿಗೆ ಜರ್ಮನಿಯ ಬೇಡೆಕರ್ ಕೆಂಪು ರಟ್ಟಿನ ಕೈಪಿಡಿಗಳನ್ನು ಹೊರತಂದರು. ಬಾಡಿಗೆ ಗೈಡಿನ ಹಂಗಿನಿಂದ ಪ್ರವಾಸಿಯನ್ನು ಬಿಡಿಸುವುದೇ ಅವುಗಳ ಗುರಿಯೆಂದು ಬಾಯಿಬಿಟ್ಟು ಹೇಳಿದರು. ಗೈಡಿನ ಕೆಲಸ ಹೋಗುತ್ತದೆ ಎಂಬ ಮಾತು ಶುರುವಾದದ್ದು ಅಲ್ಲಿಂದ. 1952ರಲ್ಲಿ ಆಂಸ್ಟರ್‌ಡ್ಯಾಮಿನ ಮ್ಯೂಸಿಯಮ್ಮಿನಲ್ಲಿ ಕಿವಿಗೆ ಸಿಕ್ಕಿಸಿಕೊಳ್ಳುವ ಯಂತ್ರ ಬಂದಾಗ ಮತ್ತೆ ಕೇಳಿಸಿತು, ಮೊಬೈಲ್ ಬಂದಾಗ ಮತ್ತೊಮ್ಮೆ. ಮಾರ್ಕ್ ಟ್ವೈನ್ 1869ರ ಪ್ರವಾಸ ಕಥನದಲ್ಲಿ ಹೆಸರು ನೆನಪಿಡುವ ತಾಪತ್ರಯವೇ ಬೇಡವೆಂದು ಎಲ್ಲ ಗೈಡುಗಳನ್ನೂ ‘ಫರ್ಗುಸನ್’ ಎಂದೇ ಕರೆದು ಓದುಗರನ್ನು ನಗಿಸಿದ. ಜಿನೋವಾದಲ್ಲಿ ಕೊಲಂಬಸ್ಸನ ಪ್ರತಿಮೆ ತೋರಿಸಿದ ಗೈಡಿಗೆ ‘ಇವನು ಸತ್ತಿದ್ದಾನಾ?’ ಎಂದು ಕೇಳುವ ಆ ತುಂಟತನ ಓದಲು ಚೆಂದ. ದಿನಗೂಲಿಗೆ ನಿಂತವನು ಅದನ್ನು ಹೇಗೆ ನುಂಗಿದನೋ.

ಆರ್.ಕೆ. ನಾರಾಯಣ್ ಗೈಡನ್ನೇ ನಾಯಕನನ್ನಾಗಿ ಮಾಡಿದರು. ರೈಲ್ವೆ ಸ್ಟೇಷನ್ನಿನಲ್ಲಿ ಅಂಗಡಿ ಇಟ್ಟುಕೊಂಡಿದ್ದ ರಾಜು, ಕೇಳಿದವರಿಗೆಲ್ಲ ‘ಗೊತ್ತು’ ಎನ್ನುತ್ತಾ ಹೋಗಿ ಗೈಡ್ ಆಗುವ ‘ದಿ ಗೈಡ್’ ಕಾದಂಬರಿ 1958ರದು, 1960ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದನ್ನು ಸಿನಿಮಾ ಮಾಡಲು ಹೊರಟವರು ಮೈಸೂರಿಗೆ ಬಂದಾಗ ಕಾದಂಬರಿಯ ಊರಾದ ಮಾಲ್ಗುಡಿಗೆ ಮೂಲವಾದ ಜಾಗಗಳನ್ನು ಖುದ್ದು ನಾರಾಯಣರೇ ಸುತ್ತಾಡಿಸಿ ತೋರಿಸಿದರು. ಬಂದವರು ಎಲ್ಲವನ್ನೂ ನೋಡಿದರು, ಮೆಚ್ಚಿದರು. ಆಮೇಲೆ ಹೋಗಿ ರಾಜಸ್ಥಾನದಲ್ಲಿ ಚಿತ್ರೀಕರಣ ಮಾಡಿದರು. ಮಿಕ್ಕ ಗೈಡುಗಳಿಗೆ ಇಲ್ಲದ ಒಂದು ಅನುಕೂಲ ನಾರಾಯಣರಿಗಿತ್ತು: ತಮ್ಮ ಗಿರಾಕಿಗಳ ಬಗ್ಗೆ ಅವರು ಒಂದು ಪ್ರಬಂಧ ಬರೆದು ಅಚ್ಚು ಹಾಕಿಸಿದರು.