ಒಂದು ಸೆಕೆಂಡಿಗೆ ಒಂದು ಆಲಮಟ್ಟಿ

ಜುಲೈ ಬಂತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಚಹಾದಂಗಡಿಯ ಮೊದಲ ಮಾತು ಡ್ಯಾಮಿನದು. ಒಳಹರಿವು ಎಷ್ಟು, ಹೊರಹರಿವು ಎಷ್ಟು, ನೀರಿನ ಮಟ್ಟ 519.60 ಮೀಟರ್ ಮುಟ್ಟಿತೋ ಇಲ್ಲವೋ. ಆಲಮಟ್ಟಿ ತುಂಬಿದರೆ 123 ಟಿಎಂಸಿ ಎಂಬುದು ಇಲ್ಲಿ ಶಾಲೆ ಹುಡುಗರಿಗೂ ಬಾಯಿಪಾಠ. ಟಿಎಂಸಿಯನ್ನು ಲೀಟರಿಗೆ ಇಳಿಸಿ ನೋಡಿದವರು ಮಾತ್ರ ಕಡಿಮೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,831 ಕೋಟಿ ಲೀಟರ್. 123 ಟಿಎಂಸಿಗೆ ಸುಮಾರು 3 ಲಕ್ಷ 48 ಸಾವಿರ ಕೋಟಿ ಲೀಟರ್. ಇಷ್ಟು ನೀರನ್ನು ತಡೆದು ನಿಲ್ಲಿಸಿರುವುದು 26 ಗೇಟುಗಳ, 1,565 ಮೀಟರ್ ಉದ್ದದ ಗೋಡೆ. (ಗೋಡೆಯ ಉದ್ದವೂ ತಾಳಿಕೋಟೆ ಕದನದ ಇಸವಿಯೂ ಒಂದೇ ಅಂಕಿ. ಬರೀ ಕಾಕತಾಳೀಯ, ಆದರೆ ನೆನಪಿಟ್ಟುಕೊಳ್ಳಲು ಅನುಕೂಲ.)

ಅದೇ ಚಹಾದಂಗಡಿಯಲ್ಲಿ ಈಗ ಇನ್ನೊಂದು ಚರ್ಚೆಯೂ ಕಿವಿಗೆ ಬೀಳುತ್ತದೆ. ಮದುವೆ ವಿಡಿಯೊ ಎಡಿಟ್ ಮಾಡುವ ಹುಡುಗರು, ತೋಟದ ವಸ್ತಿಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೋಡ್ ಬರೆಯುವವರು ಲ್ಯಾಪ್‌ಟಾಪ್ ಕೊಳ್ಳುವಾಗ ಆಡುವ ವಾದ ಅದು: ರ್‍ಯಾಮ್ 16 ಜಿಬಿ ಸಾಕೋ, 32 ಬೇಕೋ? ಜಾಸ್ತಿ ಹಾಕಿಸಿದರೆ ಬ್ಯಾಟರಿ ಬೇಗ ಇಳಿಯುತ್ತದೆಯಂತೆ, ಹೌದೇ?

ಹೌದು. ಆದರೆ ಯಾಕೆ ಇಳಿಯುತ್ತದೆ ಎಂದು ನೋಡಹೋದರೆ ತಲೆ ತಿರುಗುವಂಥ ಲೆಕ್ಕ ಎದುರಾಗುತ್ತದೆ.

32 ಜಿಬಿ ಎಂದರೆ 27,487 ಕೋಟಿ ಬಿಟ್. ಪ್ರತಿ ಬಿಟ್ಟಿಗೂ ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್, ಎರಡೂ ಸೇರಿ ಒಂದು ಕೋಶ. ಐಬಿಎಂನ ರಾಬರ್ಟ್ ಡೆನಾರ್ಡ್ 1966ರಲ್ಲಿ ಯೋಚಿಸಿ 1968ರಲ್ಲಿ ಪೇಟೆಂಟ್ ಪಡೆದ ಈ ಜೋಡಿಯೇ ಇವತ್ತಿಗೂ ಪ್ರತಿ ಲ್ಯಾಪ್‌ಟಾಪಿನ ಒಳಗಿದೆ. ಇಂಟೆಲ್ 1970ರಲ್ಲಿ ಮಾರುಕಟ್ಟೆಗೆ ಬಿಟ್ಟ 1103 ಎಂಬ ಚಿಪ್ಪಿನಲ್ಲಿ ಇದ್ದದ್ದು 1,024 ಬಿಟ್. ಇಂದಿನ ಚಿಪ್ಪಿನಲ್ಲಿ ಒಂದು ಬಿಳಿಜೋಳದ ಕಾಳು ಕೂರುವಷ್ಟು ಜಾಗ ಗುರುತು ಮಾಡಿದರೆ ಅಷ್ಟರೊಳಗೇ 200 ಕೋಟಿಗೂ ಮೀರಿ ಬಿಟ್‌ಗಳು ಸಿಗುತ್ತವೆ.

ಒಂದೊಂದು ಕೆಪಾಸಿಟರಿನಲ್ಲಿ ಇರುವುದು ಹತ್ತಾರು ಸಾವಿರ ಎಲೆಕ್ಟ್ರಾನು, ಅಷ್ಟೇ. ಅವೂ ನಿಲ್ಲುವುದಿಲ್ಲ, ಸೋರಿಹೋಗುತ್ತವೆ. ಹೀಗಾಗಿ ಡಿಡಿಆರ್4 ಬಗೆಯ ರ್‍ಯಾಮಿನಲ್ಲಿ ಪ್ರತಿ ಕೋಶವನ್ನೂ 64 ಮಿಲಿಸೆಕೆಂಡಿಗೆ ಒಮ್ಮೆ ಓದಿ, ಅಲ್ಲಿದ್ದದ್ದು ಒಂದೋ ಸೊನ್ನೆಯೋ ಎಂದು ತಿಳಿದು, ಮತ್ತೆ ತುಂಬಿ ಇಡಬೇಕು. ಓದುವ ಕ್ರಿಯೆಯಲ್ಲೇ ಒಳಗಿದ್ದದ್ದು ಅಳಿಸಿಹೋಗುವುದರಿಂದ ತಿರುಗಿ ಬರೆಯದೆ ವಿಧಿಯಿಲ್ಲ. ಚಿಪ್ಪಿಗೆ ಪ್ರತಿ 7.8 ಮೈಕ್ರೊಸೆಕೆಂಡಿಗೆ ಒಂದು ಆಜ್ಞೆ ಬರುತ್ತಿರುತ್ತದೆ, ಒಂದಷ್ಟು ಸಾಲುಗಳು ತುಂಬುತ್ತವೆ, ಮುಂದಿನ ಆಜ್ಞೆ, ಮುಂದಿನ ಸಾಲುಗಳು. ನೀವು ಟೈಪ್ ಮಾಡುತ್ತಿರಿ, ಊಟಕ್ಕೆ ಎದ್ದುಹೋಗಿರಿ, ಇದಕ್ಕೆ ಬಿಡುವಿಲ್ಲ.

ಸೆಕೆಂಡಿಗೆ ಹದಿನೈದೂವರೆ ಸಲಕ್ಕಿಂತ ಸ್ವಲ್ಪ ಹೆಚ್ಚು. 27,487 ಕೋಟಿಗೆ ಗುಣಿಸಿದರೆ ಒಂದು ಸೆಕೆಂಡಿನಲ್ಲಿ 4 ಲಕ್ಷ 29 ಸಾವಿರ ಕೋಟಿ ಸಲ ಯಾವುದೋ ಒಂದು ಕೋಶ ತುಂಬಿರುತ್ತದೆ. ತುಂಬಿದ ಆಲಮಟ್ಟಿಯಲ್ಲಿ ಇರುವ ಲೀಟರುಗಳ ಸಂಖ್ಯೆಗಿಂತ ಇದು ಹೆಚ್ಚು. ಕೃಷ್ಣೆಗೆ ಅರ್ಧ ಮಳೆಗಾಲ ಹಿಡಿಯುವ ಎಣಿಕೆಯನ್ನು ಬಗಲಚೀಲದೊಳಗಿನ ಯಂತ್ರ ಒಂದು ಸೆಕೆಂಡು ಮುಗಿಯುವುದರೊಳಗೆ ಮುಗಿಸಿ ಮತ್ತೆ ಮೊದಲಿನಿಂದ ಶುರುಮಾಡಿರುತ್ತದೆ.

ಇನ್ನೂ ವಿಚಿತ್ರ ಸಂಗತಿ ಒಂದಿದೆ. ಅಷ್ಟೂ ಕೋಶಗಳ ಎಲೆಕ್ಟ್ರಾನುಗಳನ್ನು ಕೂಡಿಸಿದರೆ ಬರುವ ವಿದ್ಯುತ್ತು, ಒಂದು ಆಂಪಿಯರಿನ ಮೊಬೈಲ್ ಚಾರ್ಜರಿನಲ್ಲಿ ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಹೊತ್ತಿನಲ್ಲಿ ಹರಿದುಹೋಗುವಷ್ಟು. ನಿಮ್ಮ ತೆರೆದ ಕಡತ, ಅರ್ಧ ಎಡಿಟ್ ಆದ ಮದುವೆ, ಇಪ್ಪತ್ತು ಟ್ಯಾಬು, ಎಲ್ಲ ಸೇರಿ ಇಷ್ಟೇ. ಹಾಗಾದರೆ ಖರ್ಚು ಎಲ್ಲಿ? ಕೋಶವನ್ನು ಮುಟ್ಟುವುದಕ್ಕೆ. ಒಂದು ಕೋಶ ಓದಬೇಕಾದರೆ ಅದರ ಸಾಲಿನ ಉದ್ದನೆಯ ತಂತಿಯನ್ನೆಲ್ಲ ಮೊದಲು ತುಂಬಬೇಕು, ಆ ತಂತಿ ಹಿಡಿಯುವ ಚಾರ್ಜು ಕೋಶದ್ದಕ್ಕಿಂತ ಹಲವು ಪಟ್ಟು. ಜೊತೆಗೆ ಬಿಸಿ. ಚಿಪ್ಪು 85 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸೋರಿಕೆ ಏರಿ 64ರ ಬದಲು 32 ಮಿಲಿಸೆಕೆಂಡಿಗೊಮ್ಮೆ ತುಂಬಬೇಕಾಗುತ್ತದೆ. ಏಪ್ರಿಲ್, ಮೇ ತಿಂಗಳ 42 ಡಿಗ್ರಿ ಬಿಸಿಲಲ್ಲಿ ತಗಡಿನ ಮಾಡಿನ ಕೆಳಗೆ ವಿಡಿಯೊ ರೆಂಡರ್ ಮಾಡುವವರ ಯಂತ್ರ ಆ ಗೆರೆಗೆ ಬೇಗ ಹತ್ತಿರವಾಗುತ್ತದೆ.

ಮೊಬೈಲಿಗೆಂದು ಹುಟ್ಟಿದ ಎಲ್‌ಪಿಡಿಡಿಆರ್ ಎಂಬ ತಳಿ ಈ ಖರ್ಚು ತಗ್ಗಿಸಲೆಂದೇ ಬೇರೆಯಾಗಿದೆ. ಅದರೊಳಗೆ ಉಷ್ಣತೆ ಅಳೆಯುವ ವ್ಯವಸ್ಥೆ ಇದೆ. ಚಿಪ್ಪು ತಣ್ಣಗಿದ್ದರೆ ತುಂಬುವ ಅಂತರವನ್ನು ಹಿಗ್ಗಿಸುತ್ತದೆ, ಕೆಲಸವಿಲ್ಲದಾಗ ತಾನೂ ಬಹುಪಾಲು ಮಲಗುತ್ತದೆ. ದಶಕದ ಹಿಂದೆ ಎದ್ದ ದೊಡ್ಡ ಜಗಳದ ಬೇರು ಇಲ್ಲಿದೆ.

2016ರ ಅಕ್ಟೋಬರ್ 27ರಂದು ಆಪಲ್ ಹೊಸ ಮ್ಯಾಕ್‌ಬುಕ್ ಪ್ರೊ ತೋರಿಸಿತು. ಹೆಸರಿನಲ್ಲೇ ವೃತ್ತಿಪರರದ್ದು, ರ್‍ಯಾಮ್ ಮಾತ್ರ 16 ಜಿಬಿಗೆ ಸೀಮಿತ. ಕೊಳ್ಳುವವರು ಸಿಟ್ಟಾದರು. ಹೆಚ್ಚು ರ್‍ಯಾಮಿಗೆ ಹೆಚ್ಚು ವಿದ್ಯುತ್ ಬೇಕು, ಬ್ಯಾಟರಿ ಬಾಳುವುದಿಲ್ಲ ಎಂಬುದು ಕಂಪನಿಯ ಫಿಲ್ ಷಿಲ್ಲರ್ ಕೊಟ್ಟ ಸಮಜಾಯಿಷಿ. ಅದರಲ್ಲಿ ಹುರುಳಿತ್ತು. ಅಂದಿನ ಇಂಟೆಲ್ ಪ್ರೊಸೆಸರಿಗೆ ಒಗ್ಗುತ್ತಿದ್ದ ಮಿತವ್ಯಯದ ರ್‍ಯಾಮ್ ಎಂದರೆ ಎಲ್‌ಪಿಡಿಡಿಆರ್3, ಅದು 16 ಜಿಬಿಗೇ ನಿಲ್ಲುತ್ತಿತ್ತು. ಎಲ್‌ಪಿಡಿಡಿಆರ್4ರ ಮಾನದಂಡ 2014ರಲ್ಲೇ ಹೊರಬಿದ್ದಿದ್ದರೂ ಆ ಪ್ರೊಸೆಸರಿಗೆ ಅದರ ಪರಿಚಯವೇ ಇರಲಿಲ್ಲ. 32 ಬೇಕೆಂದರೆ ಹೊಟ್ಟೆಬಾಕ ಡಿಡಿಆರ್4ಕ್ಕೇ ಕೈಚಾಚಬೇಕು.

ಈಗ ಅಂಕಿ ನೋಡಿ. 15 ಇಂಚಿನ ಆ ಯಂತ್ರದ ಬ್ಯಾಟರಿ 76 ವ್ಯಾಟ್-ಅವರ್, ಘೋಷಿಸಿದ ಬಾಳಿಕೆ 10 ಗಂಟೆ. ಭಾಗಿಸಿದರೆ ಇಡೀ ಲ್ಯಾಪ್‌ಟಾಪಿಗೆ ಸಿಗುವುದು 7.6 ವ್ಯಾಟ್. ಪರದೆ, ಪ್ರೊಸೆಸರ್, ವೈಫೈ, ರ್‍ಯಾಮ್ ಎಲ್ಲ ಅದರೊಳಗೇ ಬಾಳ್ವೆ ಮಾಡಬೇಕು. ಸರ್ಕಾರ ಕಡಿಮೆ ದರಕ್ಕೆ ಹಂಚಿದ ಎಲ್‌ಇಡಿ ಬಲ್ಬಿಗೇ 9 ವ್ಯಾಟ್! ಇಷ್ಟು ಬಿಗಿ ಸಂಸಾರದಲ್ಲಿ ರ್‍ಯಾಮ್ ಒಂದೇ ಒಂದು ವ್ಯಾಟ್ ಹೆಚ್ಚಿಗೆ ಉಂಡರೆ ಹತ್ತು ಗಂಟೆ ಎಂಟು ಗಂಟೆ ಐವತ್ತು ನಿಮಿಷಕ್ಕೆ ಇಳಿಯುತ್ತದೆ.

2018ರ ಜುಲೈನಲ್ಲಿ ಅದೇ ಆಪಲ್ ಡಿಡಿಆರ್4 ಹಾಕಿ 32 ಜಿಬಿ ಕೊಟ್ಟಿತು. ಬ್ಯಾಟರಿಯನ್ನು 83.6 ವ್ಯಾಟ್-ಅವರಿಗೆ ಹಿಗ್ಗಿಸಿತು, ಬಾಳಿಕೆ ಮತ್ತೆ 10 ಗಂಟೆ ಎಂದೇ ಬರೆಯಿತು. ಹೆಚ್ಚಿದ್ದು ಎಷ್ಟು? 7.6 ವ್ಯಾಟ್-ಅವರ್, ಹಳೆಯ ಯಂತ್ರದ ಸರಿಯಾಗಿ ಒಂದು ಗಂಟೆಯ ಊಟ. ಅಷ್ಟಕ್ಕೆ ಎರಡು ವರ್ಷದ ಜಗಳ.

ಇನ್ನೊಂದು ಅಂಕಿಯನ್ನು ಆ ಗದ್ದಲದಲ್ಲಿ ಎತ್ತಿ ಆಡಿದವರು ಕಡಿಮೆ. 2015ರ ಅದೇ 15 ಇಂಚಿನ ಮಾದರಿಯ ಬ್ಯಾಟರಿ 99.5 ವ್ಯಾಟ್-ಅವರ್ ಇತ್ತು. 2016ರಲ್ಲಿ ಯಂತ್ರದ ದಪ್ಪ 18ರಿಂದ 15.5 ಮಿಲಿಮೀಟರಿಗೆ ಇಳಿಯಿತು, ಬ್ಯಾಟರಿ 76ಕ್ಕೆ ಕುಸಿಯಿತು. ಎರಡೂವರೆ ಮಿಲಿಮೀಟರ್ ತೆಳುವಾಗಲು 23.5 ವ್ಯಾಟ್-ಅವರ್, ಅಂದರೆ ಮೂರು ಗಂಟೆ, ಬಿಟ್ಟುಕೊಟ್ಟರು. ಆಮೇಲೆ ರ್‍ಯಾಮ್ ಜಾಸ್ತಿ ಕೊಟ್ಟರೆ ಬ್ಯಾಟರಿ ಸಾಲದು ಎಂದರು. ನನ್ನ ಕಣ್ಣಿಗೆ ರ್‍ಯಾಮ್ ಮತ್ತು ಬ್ಯಾಟರಿ ಅಲ್ಲಿ ಸುಮ್ಮನೆ ಕಟಕಟೆ ಹತ್ತಿದವು. ನಿಜವಾದ ಆರೋಪಿ ತೆಳುವಿನ ಹುಚ್ಚು.

ಮಿತಿ ಎಂಬುದನ್ನು ಯಾರು ಇಟ್ಟರು ಎಂದು ಕೇಳುವ ಅಭ್ಯಾಸ ನಮ್ಮ ವಿಜಯಪುರ ಜಿಲ್ಲೆಗೆ ಹೊಸದಲ್ಲ. 519.60 ಮೀಟರ್ ಎಂಬ ಗೆರೆ ಕೃಷ್ಣೆ ಎಳೆದದ್ದಲ್ಲ, 2000ದಲ್ಲಿ ಸುಪ್ರೀಂ ಕೋರ್ಟ್ ಎಳೆದದ್ದು. 524.256ಕ್ಕೆ ಏರಿಸಬಹುದು ಎಂದು 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಹೇಳಿತು. ಆ 4.656 ಮೀಟರಿಗೆ ಮುಳುಗುವ ಊರು, ಹೊಲ ಎಷ್ಟೆಂಬುದು ಇಲ್ಲಿನವರಿಗೆ ಗೊತ್ತು. ಲ್ಯಾಪ್‌ಟಾಪಿನ ವಾದದಲ್ಲಿ ಪುಣ್ಯಕ್ಕೆ ಯಾರ ಮನೆಯೂ ಮುಳುಗುವುದಿಲ್ಲ.

ರ್‍ಯಾಮಿನ ಮಿತಿ ಕರಗಿಹೋಯಿತು. 2023ರ ಹೊತ್ತಿಗೆ ಮ್ಯಾಕ್‌ಬುಕ್ ಪ್ರೊದಲ್ಲೇ 128 ಜಿಬಿ ಬಂತು. 1991ರ ಪವರ್‌ಬುಕ್ 100ರಲ್ಲಿ ಇದ್ದದ್ದು 2 ಎಂಬಿ. ಅಂದರೆ 65,536 ಪಟ್ಟು. ಸೋನಿ ಮೊದಲ ಲಿಥಿಯಂ-ಅಯಾನ್ ಕೋಶ ಮಾರಿದ್ದೂ ಅದೇ 1991ರಲ್ಲಿ. ಅಂದಿನಿಂದ ಇಂದಿಗೆ ಒಂದು ಕಿಲೊ ಬ್ಯಾಟರಿಯಲ್ಲಿ ಹಿಡಿಯುವ ಶಕ್ತಿ ಹೆಚ್ಚಿದ್ದು ಮೂರ್ನಾಲ್ಕು ಪಟ್ಟು ಮಾತ್ರ. ಅದರ ಮೇಲೆ ವಿಮಾನದ ನಿಯಮ ಬೇರೆ: 100 ವ್ಯಾಟ್-ಅವರ್ ಮೀರಿದ ಬ್ಯಾಟರಿಯನ್ನು ಕ್ಯಾಬಿನ್ನಿಗೆ ಒಯ್ಯಲು ವಿಮಾನ ಕಂಪನಿಯ ಒಪ್ಪಿಗೆ ಬೇಕು, 160 ಮೀರಿದರೆ ಇಲ್ಲವೇ ಇಲ್ಲ. ಹಾಗಾಗಿ ದೊಡ್ಡ ಲ್ಯಾಪ್‌ಟಾಪುಗಳೆಲ್ಲ 99 ಚಿಲ್ಲರೆಗೆ ಬಂದು ನಿಂತಿವೆ.

ಈ 100 ವ್ಯಾಟ್-ಅವರ್ ಎಷ್ಟು ದೊಡ್ಡದು? ಕೂಡಗಿಯ ಎನ್‌ಟಿಪಿಸಿ ಸ್ಥಾವರದ ತಲಾ 800 ಮೆಗಾವ್ಯಾಟಿನ ಮೂರೂ ಘಟಕ ಪೂರ್ತಿ ಓಡಿದರೆ ಸೆಕೆಂಡಿಗೆ 6,667 ಇಂಥ ಬ್ಯಾಟರಿ ತುಂಬಬಹುದು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 21.77 ಲಕ್ಷ, ತಲೆಗೊಂದು ಲ್ಯಾಪ್‌ಟಾಪ್ ಕೊಟ್ಟರೂ ಐದೂವರೆ ನಿಮಿಷದ ಕೆಲಸ. ಅದೇ ಬ್ಯಾಟರಿಯನ್ನು ಆಲಮಟ್ಟಿಯ 290 ಮೆಗಾವ್ಯಾಟ್ ಜಲವಿದ್ಯುದಾಗಾರದಿಂದ ತುಂಬುವುದಾದರೆ, ನೀರು 25 ಮೀಟರ್ ಇಳಿಯುತ್ತದೆ, ಯಂತ್ರದಲ್ಲಿ ಒಂದಷ್ಟು ನಷ್ಟವೂ ಆಗುತ್ತದೆ ಎಂದು ಹಿಡಿದು ಲೆಕ್ಕ ಹಾಕಿದೆ: ಒಂದು ಬ್ಯಾಟರಿಗೆ ಸುಮಾರು 1,600 ಲೀಟರ್ ನೀರು ಟರ್ಬೈನ್ ಮೂಲಕ ಬೀಳಬೇಕು.

ಇಷ್ಟೆಲ್ಲ ರ್‍ಯಾಮ್ ಯಾರಿಗೆ ಬೇಕು? ಬಸವಣ್ಣ ಹುಟ್ಟಿದ ಜಿಲ್ಲೆಯ ಲೆಕ್ಕದಲ್ಲೇ ಹೇಳುತ್ತೇನೆ. ಸಿಂದಗಿ ತಾಲ್ಲೂಕಿನಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿಯವರು ದುಡಿದ ಸಮಗ್ರ ವಚನ ಸಂಪುಟ 15 ಸಂಪುಟಗಳದ್ದು, ವಚನಗಳು ಇಪ್ಪತ್ತು ಸಾವಿರದ ಆಸುಪಾಸು. ವಚನಕ್ಕೆ ಸರಾಸರಿ 400 ಯೂನಿಕೋಡ್ ಚಿಹ್ನೆ ಹಿಡಿಯಿರಿ, ಕನ್ನಡದ ಒಂದು ಚಿಹ್ನೆಗೆ 3 ಬೈಟ್. ಒಟ್ಟು 24 ಎಂಬಿ. 32 ಜಿಬಿಯಲ್ಲಿ ಆ ಇಡೀ ರಾಶಿಯನ್ನು 1,400 ಸಲ ಇಡಬಹುದು. ಇನ್ನು ಮದುವೆ ವಿಡಿಯೊಕ್ಕೆ ಬನ್ನಿ. 4ಕೆ ವಿಡಿಯೊದ ಒಂದೇ ಒಂದು ಚೌಕಟ್ಟು ಬಿಚ್ಚಿದಾಗ 33 ಎಂಬಿ. ಅಕ್ಷತೆ ಕೈಯಿಂದ ಹಾರಿ ಇನ್ನೂ ನೆಲ ಮುಟ್ಟಿರದ ಒಂದು ಕ್ಷಣಾರ್ಧ, ಶರಣರೆಲ್ಲರ ವಚನಗಳಿಗಿಂತ ಹೆಚ್ಚು ಜಾಗ ತಿನ್ನುತ್ತದೆ. ಸೆಕೆಂಡಿಗೆ 25 ಚೌಕಟ್ಟಿನಂತೆ ಒಂದು ನಿಮಿಷಕ್ಕೆ 50 ಜಿಬಿ. 32ರಲ್ಲಿ ಒಂದು ನಿಮಿಷವೂ ಪೂರ್ತಿ ಹಿಡಿಯುವುದಿಲ್ಲ. ಸಾಫ್ಟ್‌ವೇರ್ ಚೂರುಚೂರಾಗಿ ಬಿಚ್ಚಿ, ಮಡಚಿ ಸಂಭಾಳಿಸುತ್ತದೆ.

ಆದ್ದರಿಂದ ಸ್ಟುಡಿಯೊದಲ್ಲಿ ಯುಪಿಎಸ್ ಪಕ್ಕ ಕೂತು ವಿಡಿಯೊ ಕತ್ತರಿಸುವವರು 32ಕ್ಕೆ ಕಡಿಮೆ ಕೊಳ್ಳಬಾರದು. ಅವರ ಬ್ಯಾಟರಿ ಹೇಗೂ ಗೋಡೆಯ ಸಾಕೆಟ್ಟು. ರೈಲಿಲ್ಲದ ಸಿಂದಗಿ, ಮುದ್ದೇಬಿಹಾಳದಿಂದ ರಾತ್ರಿ ಬಸ್ ಹಿಡಿಯುವವರು, ವಸ್ತಿಯಲ್ಲಿ ಕರೆಂಟಿನ ದಾರಿ ಕಾಯುವವರು ಎಲ್‌ಪಿಡಿಡಿಆರ್5 ಇರುವ 16 ಜಿಬಿಯಲ್ಲಿ ಸುಖವಾಗಿರಬಹುದು, ದುಡ್ಡಿದ್ದರೆ ಅದರಲ್ಲೇ 32. ಎಲ್‌ಪಿಡಿಡಿಆರ್ ಸಾಮಾನ್ಯವಾಗಿ ಬೋರ್ಡಿಗೆ ಬೆಸುಗೆ ಹಾಕಿಕೊಂಡೇ ಬರುತ್ತದೆ, ಆಮೇಲೆ ಏರಿಸಲಾಗದು. ಮಲಗಿಸುವಾಗ ಬರೀ ಸ್ಲೀಪ್ ಒತ್ತಿದರೆ ಕೋಶ ತುಂಬುವ ಕೆಲಸ ರಾತ್ರಿಯಿಡೀ ನಡೆಯುತ್ತದೆ. ಹೈಬರ್ನೇಟ್ ಒತ್ತಿದರೆ ರ್‍ಯಾಮಿನಲ್ಲಿದ್ದದ್ದನ್ನು ಎಸ್‌ಎಸ್‌ಡಿಗೆ ಬರೆದಿಟ್ಟು ರ್‍ಯಾಮಿನ ವಿದ್ಯುತ್ತನ್ನೇ ಕಡಿಯುತ್ತದೆ. ಸೆಕೆಂಡಿಗೆ 2 ಜಿಬಿ ಬರೆಯುವ ಎಸ್‌ಎಸ್‌ಡಿಗೆ 16 ಜಿಬಿ ಎಂದರೆ ಎಂಟು ಸೆಕೆಂಡು.

ಮತ್ತೆ, ಅಂಗಡಿಯವರು ಬ್ಯಾಟರಿಯನ್ನು ಗಂಟೆಗಳಲ್ಲಿ ಹೇಳುತ್ತಾರೆ. ಪೆಟ್ಟಿಗೆ ತಿರುಗಿಸಿ ಲೇಬಲ್ ಓದಿ. 15.2 ವೋಲ್ಟ್, 4,000 ಮಿಲಿಆಂಪಿಯರ್-ಅವರ್ ಎಂದಿದ್ದರೆ ಗುಣಿಸಿ ಸಾವಿರದಿಂದ ಭಾಗಿಸಿ: 60.8 ವ್ಯಾಟ್-ಅವರ್. ಅದನ್ನು ಎಂಟು ಅಥವಾ ಹತ್ತು ವ್ಯಾಟಿನಿಂದ ಭಾಗಿಸಿದರೆ ಬರುವ ಗಂಟೆಯನ್ನು ನಂಬಿ, ಪೆಟ್ಟಿಗೆ ಮೇಲೆ ಅಚ್ಚಾದ 18 ಗಂಟೆಯನ್ನಲ್ಲ.